ಸೂತಕದಲ್ಲಿ ನಕ್ಕವರು

ನನಗೆ ಜೋಕು ಹೇಳಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಆಮೇಲೆ ನೀವೇ ಕಂಡುಹಿಡಿದರೆ ಮರ್ಯಾದೆ ಹೋಗುತ್ತದೆ. ಕೊನೆಯಲ್ಲಿ ಹೇಳಬೇಕಾದ ಮಾತು ನನ್ನ ಬಾಯಿಂದ ಮೊದಲೇ ಹೊರಗೆ ಬಂದಿರುತ್ತದೆ. ಒಂದು ವೇಳೆ ಕೊನೆಯವರೆಗೆ ತಡೆದುಕೊಂಡೆನೋ, ಆಗ ಅದು ಮರೆತೇ ಹೋಗಿ, "ಒಟ್ಟಿನ ಮೇಲೆ ಬಹಳ ತಮಾಷೆ ಇತ್ತು" ಎಂದು ಮುಗಿಸಿಬಿಡುತ್ತೇನೆ. ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರು. ಪ್ರಮೇಯ ಹೇಳುವಾಗ ಮಕ್ಕಳು ನಗುತ್ತಾರೆ, ಜೋಕು ಹೇಳಿದರೆ ನೋಟ್ಸ್ ಬರೆದುಕೊಳ್ಳುತ್ತಾರೆ. ಆದರೂ ನಾನು ಹೇಳುವುದನ್ನು ಬಿಟ್ಟಿಲ್ಲ. ಏಕೆಂದರೆ ನಮ್ಮ ಕಡೆ ಹಾಸ್ಯದ ಕಾರ್ಯಕ್ರಮವೆಂದರೆ ಹೋಗಿ ನೋಡಿ ನಕ್ಕು ಬರುವುದಷ್ಟೇ ಅಲ್ಲ. ನಿಜವಾದ ಕಾರ್ಯಕ್ರಮ ಶುರುವಾಗುವುದು ಮರುದಿನ, ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನ ಬಾಗಿಲಲ್ಲಿ, ಸ್ಟಾಫ್ ರೂಮಿನಲ್ಲಿ. ನೋಡಿದವರು ನೋಡಿದವರಿಗೇ ಇನ್ನೊಮ್ಮೆ ಹೇಳಿ ನಗುತ್ತಾರೆ. ಹೀಗೆ ಹೇಳಿಕೊಳ್ಳಲು ಆಗದೇ ಹೋದರೆ ನೋಡಿದ್ದೂ ದಂಡ. ಅಂಥ ದಂಡ ನನಗೆ ಒಮ್ಮೆ ಬಿತ್ತು, ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಕುಂದಾಪ್ರ ಕನ್ನಡದಲ್ಲಿ ಒಬ್ಬರೇ ಎರಡು ಗಂಟೆ ವೇದಿಕೆಯ ಮೇಲೆ ನಿಂತು ಸಭೆಯನ್ನು ಉರುಳಾಡಿಸುವ ಹಾಸ್ಯಗಾರರೊಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ. ಹೇಳಿದರೆ ಯಾವ ಊರು, ಯಾವ ದಿನ ಎಂದೆಲ್ಲ ಲೆಕ್ಕ ಹಾಕಿ, ಇನ್ನೂ ಗೊತ್ತಿಲ್ಲದ ನಾಲ್ಕು ನೆಂಟರಿಗೂ ವಿಷಯ ಗೊತ್ತಾದೀತು. ಅವರಿಗೆ ನಮ್ಮ ಮನೆತನದಲ್ಲೇ ಅತಿ ದೊಡ್ಡ ಅಭಿಮಾನಿ ಎಂದರೆ ಹಟ್ಟಿಯಂಗಡಿಯ ಸುಬ್ರಾಯ ಚಿಕ್ಕಪ್ಪ. ಸ್ವಂತ ಚಿಕ್ಕಪ್ಪ ಅಲ್ಲ, ಅಪ್ಪಯ್ಯನ ದಾಯಾದಿ ತಮ್ಮ. ಆದರೆ ನಾನು ಜೀವನದಲ್ಲಿ ನೋಡಿದ ಮೊದಲ ಹಾಸ್ಯಗಾರ ಅವರೇ.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ಮುಂಬೈಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಊರಿಗೆ ಬಂದರೆಂದರೆ ನಾವು ಹತ್ತು ಹನ್ನೆರಡು ಮಕ್ಕಳು ಸಂಜೆ ಅವರ ಚಾವಡಿಯಲ್ಲಿ ಹಾಜರು. ಹಲಸಿನ ಹಪ್ಪಳದ ತಟ್ಟೆಯನ್ನು ಮುಂದಿಟ್ಟುಕೊಂಡು, ಅರ್ಧ ಚಹಾ ಕೇಳಿ ಎರಡು ಗ್ಲಾಸು ಕೇಳುವ ಗಿರಾಕಿಯಾಗುವರು, ಲೋಕಲ್ ಟ್ರೈನಿನಲ್ಲಿ ನಿಂತೇ ನಿದ್ದೆ ಮಾಡುವ ಗುಮಾಸ್ತನಾಗುವರು, ನಮ್ಮೂರ ಹಿಂದಿಯಲ್ಲಿ ಪೊಲೀಸನನ್ನು ಸಮಾಧಾನ ಮಾಡುವ ಅಡುಗೆಭಟ್ಟನಾಗುವರು. ತಾವು ಮಾತ್ರ ಎಳ್ಳಷ್ಟೂ ನಗುತ್ತಿರಲಿಲ್ಲ. ನಾವು ಇನ್ನೇನು ನಗಬೇಕು ಎನ್ನುವಷ್ಟರಲ್ಲಿ ಒಂದು ಹಪ್ಪಳ ತೆಗೆದು ನಿಧಾನವಾಗಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದು ಜಗಿದು ಮುಗಿಯುವವರೆಗೆ ನಾವು ಉಸಿರು ಹಿಡಿದು ಕೂರಬೇಕು. ಒಳಗೆ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಒರಗಿ ನಗುತ್ತಿದ್ದರು. ಪ್ರತಿದಿನ ಕೇಳಿದ್ದನ್ನೇ ಕೇಳಿ ಹೇಗೆ ನಗುತ್ತಾರೋ ಎಂದು ನನಗೆ ಆಶ್ಚರ್ಯ. ಈಗ ಎಷ್ಟೋ ದೊಡ್ಡ ಹಾಲ್‌ಗಳಲ್ಲಿ, ಎಷ್ಟೋ ದೊಡ್ಡ ಮೈಕುಗಳಲ್ಲಿ ಹಾಸ್ಯ ಕೇಳಿದ್ದೇನೆ. ಆ ಚಾವಡಿಯ ನಗು ನನಗೆ ಮತ್ತೆ ಎಲ್ಲೂ ಸಿಕ್ಕಲಿಲ್ಲ.

ಕಾರ್ಯಕ್ರಮ ಕುಂದಾಪುರದಲ್ಲಿ ಒಂದು ಭಾನುವಾರ ಸಂಜೆ ಎಂದು ಗೊತ್ತಾದ ಕೂಡಲೇ ಚಿಕ್ಕಪ್ಪನ ಫೋನು ಬಂತು. "ಹ್ವಾಯ್ ಮಾಣಿ, ಎರಡ್ ಪಾಸ್ ತೆಗ್ದ್ ಮಡ್ಗ್, ಒಂದ್ ನಂಗೆ, ಒಂದ್ ನಿಂಗೆ. ಮೊಣಗಂಟ್ ನೋವ್ ಜಾಸ್ತಿ ಆಯಿ ಬಪ್ಪುಕ್ ಆಗ್ದಿರೆ ನೀ ಕಂಡ್ಕಂಡ್ ಬಂದ್ ಹೇಳ್ಕ್, ಆಯ್ತಾ?" ನನಗೆ ಐವತ್ತನಾಲ್ಕು ವರ್ಷ, ತಲೆಯಲ್ಲಿ ಕೂದಲಿಲ್ಲ. ಆದರೂ ನಾನು ಅವರಿಗೆ ಮಾಣಿಯೇ. "ಹೇಳ್ತೆ ಚಿಕ್ಕಪ್ಪ" ಎಂದೆ. ಕಾರ್ಯಕ್ರಮಕ್ಕೆ ನಾಲ್ಕು ದಿನ ಮೊದಲು, ಬುಧವಾರ ಮಧ್ಯಾಹ್ನ ಉಂಡು, ಮಲಗಿ, ಚಿಕ್ಕಪ್ಪ ಮತ್ತೆ ಏಳಲಿಲ್ಲ.

ನಮ್ಮ ದಾಯಾದಿಗಳಲ್ಲಿ ಹಿರಿಯರೆಂದರೆ ಬಿಜೂರಿನ ವೆಂಕಟ್ರಮಣ ದೊಡ್ಡಪ್ಪ. ಸೂತಕದ ಕಾನೂನೆಲ್ಲ ಅವರ ನಾಲಿಗೆಯ ತುದಿಯಲ್ಲಿ. ದಹನ ಮುಗಿದ ಮರುದಿನವೇ ಒಂದೊಂದು ಮನೆಗೂ ಫೋನು ಮಾಡಿದರು. "ಹತ್ ದಿನ ದೇವಸ್ಥಾನ ಇಲ್ಲ, ಮದಿ ಇಲ್ಲ, ಮುಂಜಿ ಇಲ್ಲ. ಗಡ್ಡ ತೆಗುಕಾಗ. ಒಗ್ಗರಣಿ ಹಾಕುಕಾಗ. ಮತ್ತೆ ಆ ನೆಗಿಯ ಕಾರ್ಯಕ್ರಮ ಇತ್ತಂಬ್ರಲೆ, ಅದ್ರ ಬದಿಗೂ ಹೋಪುಕಾಗ!" ಆಗಲಿ ಎಂದೆ. ಆದರೆ ಎರಡು ಪಾಸುಗಳು ನನ್ನ ಅಂಗಿಯ ಜೇಬಿನಲ್ಲಿದ್ದವು. ಕಂಡು ಬಂದು ಹೇಳುತ್ತೇನೆ ಎಂದು ನಾನು ಮಾತು ಕೊಟ್ಟದ್ದು ದೊಡ್ಡಪ್ಪನ ಕಾನೂನಿಗೂ ಮೊದಲು. ಯಾರಿಗೆ ಹೇಳಬೇಕೋ ಅವರೇ ಇಲ್ಲದ ಮೇಲೆ ಕಾಣುವುದು ಯಾಕೆ ಎಂದು ನೀವು ಕೇಳಬಹುದು. ನಾನೂ ನನ್ನನ್ನು ನಾಲ್ಕು ದಿನ ಅದನ್ನೇ ಕೇಳಿಕೊಂಡೆ. ಭಾನುವಾರ, "ಶಾಲೆಯಲ್ಲಿ ಪೇಪರ್ ತಿದ್ದುವುದಿದೆ" ಎಂದು ಹೆಂಡತಿಗೆ ಹೇಳಿದೆ. "ಹಂಗಾರೆ ನಾನ್ ಹಟ್ಟಿಯಂಗಡಿಗ್ ಹೋಯಿ ಚಿಕ್ಕಮ್ಮನ ಹತ್ರ ಕೂಕಂಡ್ ಬತ್ತೆ" ಎಂದಳು. ಅವಳ ಒಳ್ಳೆಯತನ ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹೊರಟೆ.

ತಲೆಗೆ ಮಂಗನ ಟೋಪಿ, ಮುಖಕ್ಕೆ ಕೊರೊನಾ ಕಾಲದಿಂದ ಉಳಿದಿದ್ದ ಮಾಸ್ಕು. ಆ ಸೆಕೆಯಲ್ಲಿ ನನ್ನಷ್ಟು ಅನುಮಾನ ಹುಟ್ಟಿಸುವ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ ಎಂದುಕೊಂಡರೆ, ಹಾಲಿನಲ್ಲಿ ಅಲ್ಲಲ್ಲಿ ಇನ್ನೂ ಆರೇಳು ಮಾಸ್ಕುಗಳು ಕಂಡವು. ಒಂದೆರಡರ ಅಂಚಿನಿಂದ ನಾಲ್ಕು ದಿನದ ಕುರುಚಲು ಗಡ್ಡ ಇಣುಕುತ್ತಿತ್ತು. ಈಗ ಇದೇ ಫ್ಯಾಷನ್ ಇರಬೇಕು ಎಂದು ಸುಮ್ಮನಾದೆ. ಪಕ್ಕದ ಕುರ್ಚಿಗೆ, ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ಕರ್ಚೀಫು ಹಾಸಿದೆ. "ಇಲ್ ಯಾರಾರೂ ಇದ್ರಾ?" ಎಂದು ಒಬ್ಬರು ಕೇಳಿದರು. "ಇದ್ರ್. ಈಗ ಬತ್ರ್" ಎಂದುಬಿಟ್ಟೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ವೇದಿಕೆಯ ಕಡೆ ನೋಡಲಾಗಲಿಲ್ಲ.

ಹಾಸ್ಯಗಾರರು ಆ ದಿನ ನಮ್ಮ ಕಡೆಯವರು ನೆಂಟರ ಮನೆಯಿಂದ ಹೊರಡುವ ಪರಿಯನ್ನು ಆಡಿ ತೋರಿಸಿದರು. ನೆಂಟ ಚಾವಡಿಯಲ್ಲಿ ಎದ್ದು ನಿಂತು "ಬತ್ತೆ ಹಂಗಾರೆ" ಎನ್ನುತ್ತಾನೆ. ಮೆಟ್ಟಿಲಲ್ಲಿ ನಿಂತು ಮಗಳ ಜಾತಕದ ವಿಷಯ ತೆಗೆಯುತ್ತಾನೆ, ಮತ್ತೆ "ಬತ್ತೆ". ತುಳಸಿಕಟ್ಟೆಯ ಹತ್ತಿರ ದಾಸವಾಳದ ಒಂದು ಗೆಲ್ಲು, ಅಂದರೆ ನೆಡಲಿಕ್ಕೊಂದು ಟೊಂಗೆ, ಕೇಳುತ್ತಾನೆ, ಮತ್ತೆ "ಬತ್ತೆ". ಬಾವಿಯ ಹತ್ತಿರ ಮನೆಯವರ ಶುಗರ್ ಎಷ್ಟಾಯಿತೆಂದು ವಿಚಾರಿಸುತ್ತಾನೆ. ಅಷ್ಟರಲ್ಲಿ ಬಸ್ಸು ಬಂದು, ಹಾರ್ನ್ ಹೊಡೆದು ಹೊಡೆದು ಹೋಗಿರುತ್ತದೆ. "ಇನ್ ಉಂಡ್ಕಂಡೇ ಹೋಪ್ಲಕ್ಕಲೆ" ಎಂದು ಮನೆಯವರು ಕರೆಯುತ್ತಾರೆ, ನೆಂಟ ತಿರುಗಿ ಬಂದು ಚಾವಡಿಯಲ್ಲಿ ಕೂರುತ್ತಾನೆ. ನೆಂಟ, ಮನೆಯವರು, ಬಸ್ಸಿನ ಡ್ರೈವರ್ರು, ಎಲ್ಲರ ಕಾಲಿಗೂ ಅಡ್ಡ ಬರುವ ನಾಯಿ, ಎಲ್ಲ ಅವರೊಬ್ಬರೇ. ಮಾಸ್ಕು ಒದ್ದೆಯಾಗುವಷ್ಟು ನಕ್ಕೆ. ನಗುತ್ತಿದ್ದಂತೆ ನೆನಪಾಯಿತು: ನಮ್ಮ ಮನೆಗೆ ಬಂದರೆ ಹೊರಡಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ ಚಿಕ್ಕಪ್ಪ, ಈ ಸಲ ಒಂದೂ "ಬತ್ತೆ" ಹೇಳದೆ ಹೋಗಿಬಿಟ್ಟಿದ್ದರು. ಆಮೇಲೆ ಮಾಸ್ಕು ಒದ್ದೆಯಾದದ್ದು ನಗುವಿಗಲ್ಲ. ಪಕ್ಕದವರಿಗೆ ಅದು ಗೊತ್ತಾಗಲಿಲ್ಲ, ಅಷ್ಟರ ಮಟ್ಟಿಗೆ ಹಾಸ್ಯದ ಕಾರ್ಯಕ್ರಮ ಅಳಲು ಒಳ್ಳೆಯ ಜಾಗ.

ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಪಾಡು ಯಾರಿಗೂ ಬೇಡ. ಹೋದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ವಿಜ್ಞಾನದ ಶಕುಂತಲಾ ಟೀಚರಿಗೆ ನನ್ನ ಮೇಲೆ ಕನಿಕರ ಬಂತು. "ಪಾಪ, ಸರಿಗೆ ಸೂತಕ. ಹೋಪುಕ್ ಆಯ್ಲ. ಕೂಕಣಿ ಸರ್, ನಾ ಪೂರ್ತಿ ಹೇಳ್ತೆ" ಎಂದು ಶುರುಮಾಡಿದರು. ಜೋಕು ಕೆಡಿಸುವುದರಲ್ಲಿ ನನಗೂ ಗುರುವಾಗಬಲ್ಲವರಿದ್ದಾರೆಂದು ಆ ದಿನ ತಿಳಿಯಿತು. ಅವರ ನೆಂಟ ತುಳಸಿಕಟ್ಟೆಯಿಂದ ವಾಪಸು ಬಂದದ್ದು ಕೊಡೆ ಮರೆತು. ನಾನು ಹಲ್ಲು ಕಚ್ಚಿದೆ, ಮೇಜು ಹಿಡಿದುಕೊಂಡೆ, ಆದರೂ ಬಾಯಿ ಕೇಳಲಿಲ್ಲ. "ಕೊಡೆ ಅಲ್ಲ ಟೀಚರ್, ದಾಸಾಳದ ಗೆಲ್ಲ್!"

ಟೀಚರ್ ನನ್ನ ಕಡೆ ತಿರುಗಿದರು. "ನಿಮ್ಗ್ ಹೆಂಗ್ ಗೊತ್ತಾಯ್ತ್ ಸರ್?"

"ವಾಟ್ಸಾಪಿನಲ್ಲಿ ಯಾರೋ ಹಾಕಿದ್ರ್" ಎಂದೆ.

"ಮೊಬೈಲಂಗ್ ಕಂಡ್ರೆ ಸೂತಕ ಇಲ್ಯಾ?" ಎಂದರು ಟೀಚರ್. ಅದು ನಿಜವಾದ ಸಂಶಯವೋ ಕುಹಕವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಸೂತಕ ಕಳೆಯುವವರೆಗೆ ನಾನು ಊಟದ ಡಬ್ಬಿಯನ್ನು ಲೈಬ್ರರಿಗೆ ಒಯ್ದು ಒಬ್ಬನೇ ಉಂಡೆ. ಹೇಳದ ಜೋಕು ಹೊಟ್ಟೆಯಲ್ಲಿ ಉಳಿದರೆ ಅಜೀರ್ಣವಾಗುತ್ತದೆ, ನಂಬಿ. ಅದರಲ್ಲೂ ಹೇಳಬೇಕಾದವರಿಗೆ ಹೇಳಲಾಗದ್ದು.

ಹದಿಮೂರನೆಯ ದಿನದ ಊಟ ಹಟ್ಟಿಯಂಗಡಿಯಲ್ಲಿ. ಸೂತಕ ಕಳೆದು ಎಲ್ಲರ ಗಡ್ಡವೂ ಹೋಗಿತ್ತು, ಮುಖಗಳು ಫಳಫಳ ಹೊಳೆಯುತ್ತಿದ್ದವು. ಚಿಕ್ಕಮ್ಮ ಮಾತ್ರ ಚಾವಡಿಯ ಕಂಬಕ್ಕೊರಗಿ ಕೂತಿದ್ದರು. ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುವುದು ಬಿಟ್ಟರೆ ಹದಿಮೂರು ದಿನದಿಂದ ಮಾತಿಲ್ಲ ಎಂದು ಸೊಸೆ ಹೇಳಿದಳು. ಆ ಚಾವಡಿಯಲ್ಲಿ ಅಷ್ಟು ಜನ ಸೇರಿಯೂ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಎಂದೂ ಕಂಡವನಲ್ಲ. ಈ ಮನೆಯಲ್ಲಿ ಇನ್ನು ಯಾರೂ ನಗಲಿಕ್ಕಿಲ್ಲವೇ ಎಂದು ನನಗೆ ಭಯವೇ ಆಯಿತು.

ಊಟ, ಎಲೆ ಅಡಿಕೆ ಎಲ್ಲ ಮುಗಿದು ಹೊರಡುವ ಹೊತ್ತಿಗೆ ನಿಜವಾದ ಇಕ್ಕಟ್ಟು ಎದುರಾಯಿತು. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ "ಬತ್ತೆ" ಎನ್ನುವಂತಿಲ್ಲ. ಇಂಥ ಮನೆಗೆ ಮತ್ತೆ ಬರುತ್ತೇನೆ ಎಂದರೆ ಇನ್ನೊಂದು ಸಾವನ್ನು ಕರೆದ ಹಾಗೆ. ಸುಮ್ಮನೆ ಎದ್ದು ಹೋಗಬೇಕು. ಆದರೆ ಹುಟ್ಟಿದಾಗಿನಿಂದ ನಾಲ್ಕು ಸಲ "ಬತ್ತೆ" ಎನ್ನದೆ ಯಾರ ಮನೆಯಿಂದಲೂ ಹೊರಬೀಳದ ಜನ, ಸುಮ್ಮನೆ ಹೋಗುವುದು ಹೇಗೆ? ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಮೂವತ್ತು ಮಂದಿ ನಿಂತೇ ಇದ್ದರು. ಹೇಳುವಂತಿಲ್ಲ, ಹೇಳದೆ ಕಾಲು ಏಳುವುದಿಲ್ಲ. ದೊಡ್ಡಪ್ಪ ಎಲ್ಲರಿಗೂ ಕೈಸನ್ನೆ ಮಾಡುತ್ತಿದ್ದರು, ಮಾತಾಡದೆ ಹೊರಡಿ ಎಂದು. ಕೊನೆಗೆ ತಾವೇ ಮಾದರಿಯಾಗಬೇಕೆಂದು ಚಿಕ್ಕಮ್ಮನ ಎದುರು ಹೋಗಿ ಒಂದು ಕ್ಷಣ ನಿಂತರು. ಎಂಬತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ಹಂಗಾರೆ ನಾನ್ ಬತ್ತೆ, ಆಯ್ತಾ."

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಏನು ಮಾಡುವುದೆಂದು ತಿಳಿಯದೆ ಸರಸರ ಮೆಟ್ಟಿಲಿಳಿದರು, ತುಳಸಿಕಟ್ಟೆಯ ಹತ್ತಿರ ಹೋದವರು ತಿರುಗಿ ನಿಂತು, ಮಾತು ಮರೆಸಲಿಕ್ಕೆಂದು, "ಈ ದಾಸಾಳ ಲಾಯ್ಕ್ ಇತ್ತಲೆ, ಇದ್ರದ್ದ್ ಒಂದ್ ಗೆಲ್ಲ್..." ಎಂದರು.

ಅಷ್ಟೇ. ಅಂಗಳದ ಮೂಲೆಯಿಂದ ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು ಬಾಯಿಗೆ ಶಾಲು ತುರುಕಿಕೊಂಡರು. ನೋಡನೋಡುತ್ತಿದ್ದಂತೆ ಅರ್ಧ ಅಂಗಳ ಹೊಟ್ಟೆ ಹಿಡಿದುಕೊಂಡು ಬಗ್ಗಿತ್ತು, ಇನ್ನರ್ಧ ಏನೂ ಅರ್ಥವಾಗದೆ ನೋಡುತ್ತಿತ್ತು. ದಾಸವಾಳಕ್ಕೆ ನಗಬೇಕಾದರೆ ಆ ಭಾನುವಾರ ಅಲ್ಲಿರಲೇಬೇಕು. ಆರೇಳು ಮಾಸ್ಕುಗಳ ಲೆಕ್ಕ ನನಗೆ ಆಗ ಸಿಕ್ಕಿತು. ದೊಡ್ಡಪ್ಪನೂ ಭುಜ ಕುಣಿಸುತ್ತ, "ಥೇಟ್ ಅವ ಸ್ಟೇಜಂಗ್ ಮಾಡಿದ್ ಹಂಗೇ ಆಯ್ತಲೆ ಮಾರಾಯ್ರೆ" ಎಂದು ಸಿಕ್ಕಿಬಿದ್ದರು. ಹಾಗೇ ತಿರುಗಿ ನೋಡಿದರೆ, ಬಾವಿಕಟ್ಟೆಯ ಹತ್ತಿರ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನನ್ನ ಹೆಂಡತಿ.

ನಗದೆ ಇದ್ದವರು ಚಿಕ್ಕಮ್ಮ ಒಬ್ಬರೇ. ಅದು ಕಂಡದ್ದೇ ಒಬ್ಬೊಬ್ಬರ ನಗುವೂ ಇಂಗಿ ಹೋಯಿತು. ಕಾಲಡಿಯ ನೆಲ ಬಿರಿಯಬಾರದೇ ಎನಿಸಿತು.

"ಎಲ್ಲ ಹೋಯಿದ್ರಿಯಾ?" ಎಂದರು ಚಿಕ್ಕಮ್ಮ. "ಆಯ್ತಾರ ನಂಗೆ ಸಮಾಧಾನ ಹೇಳುಕೆ ಒಬ್ರೂ ಬರ್ಲ. ಅದೊಂದೇ ದಿನ ನಂಗ್ ಸಮಾ ನಿದ್ರಿ ಬಂದದ್ದ್." ಮತ್ತೆ ಹೇಳಿದರು: "ಅವ್ರ್ ಇದ್ದಿರೆ ಎಲ್ರಿಗಿಂತ ಮೊದ್ಲ್ ಹೋಯಿ ಕೂಕಂತಿದ್ರ್. ಚಪ್ಪಲಿ ತೆಗೀನಿ. ಎಂತೆಲ್ಲ ಆಯ್ತ್, ಹೇಳಿ ಕಾಂಬ."

ಮೂವತ್ತು ಮಂದಿಯೂ ಚಾವಡಿಗೆ ವಾಪಸು ಬಂದರು. ಎಂಟು ದಿನ ಕಟ್ಟಿಟ್ಟದ್ದು ಒಮ್ಮೆಲೇ ಹೊರಬಿತ್ತು. ಬಸ್ಸಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದನೋ ಮೂರು ಸಲವೋ ಎಂದು ದೊಡ್ಡಪ್ಪನಿಗೂ ನನ್ನ ಹೆಂಡತಿಗೂ ಜಗಳವೇ ಆಯಿತು. ಚಿಕ್ಕಮ್ಮ ಕೇಳಿಸಿಕೊಳ್ಳುತ್ತಿದ್ದರು, ನಗಲಿಲ್ಲ. ಆಗ ನಾನು ಎದ್ದೆ. ಮಾತು ಕೊಟ್ಟವನು ನಾನು. ಚಿಕ್ಕಪ್ಪನಿಗೆ ಹೇಳಬೇಕಾದದ್ದನ್ನು ಇಲ್ಲಾದರೂ ಹೇಳಿ ಮುಗಿಸಬೇಕು. ಶುರುಮಾಡಿದ ಎರಡೇ ನಿಮಿಷಕ್ಕೆ ಬಸ್ಸನ್ನು ಮೊದಲೇ ತಂದು ನಿಲ್ಲಿಸಿಬಿಟ್ಟೆ. ನೆಂಟ ಇನ್ನೂ ಚಾವಡಿಯಿಂದ ಎದ್ದಿರಲಿಲ್ಲ. ಅವನನ್ನು ಎಬ್ಬಿಸಲು ಹೋಗಿ ನಾಯಿಯನ್ನು ಮರೆತೆ, ನಾಯಿಯನ್ನು ಹುಡುಕಲು ಹೋಗಿ ದಾಸವಾಳ ತಪ್ಪಿಹೋಯಿತು. "ಒಟ್ಟಿನ ಮೇಲೆ ಬಹಳ ತಮಾಷೆ ಇತ್ತು" ಎಂದೆ. ಒಬ್ಬರೂ ನಗಲಿಲ್ಲ.

ಆಗ ಕಂಬದ ಹತ್ತಿರದಿಂದ ಸದ್ದು ಕೇಳಿತು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಮೈಯೆಲ್ಲ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಸೊಸೆ ಓಡಿ ಬಂದಳು. ಸೆರಗು ತೆಗೆದರೆ ನಗು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಆದರೂ ನಗು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ.

"ನಿನ್ ಜೋಕಿಗ್ ಅಲ್ಲ ಮಾಣಿ" ಎಂದರು ಚಿಕ್ಕಮ್ಮ, ಉಸಿರು ಹಿಡಿದುಕೊಂಡು. "ನೀ ಹೇಳುದನ್ ಕಂಡ್, ಅವ್ರ್ ಇದ್ದಿರೆ ನಾಳೆ ಇದೇ ಚಾವಡಿಯಂಗೆ ನಿನ್ನನ್ ಹೆಂಗ್ ಮಾಡಿ ತೋರಿಸ್ತಿದ್ರ್ ಅಂದೇಳಿ ಕಣ್ಣೆದ್ರಿಗೇ ಬಂತ್. ಇನ್ನೊಂದ್ ಸಲ ಹೇಳ್ ಕಾಂಬ."

ಇಷ್ಟು ವರ್ಷದಿಂದ ಜೋಕು ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳು ಎಂದು ಕೇಳಿದವರು ಇವರೊಬ್ಬರೇ. ಈ ಸಲವಾದರೂ ತಪ್ಪಿಲ್ಲದೆ ಹೇಳಬೇಕೆಂದು ನೆಟ್ಟಗೆ ನಿಂತು, ಶಾಲು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ ಸಿದ್ಧನಾದೆ. ಚಿಕ್ಕಮ್ಮ ಅಷ್ಟಕ್ಕೇ ನಗಲು ಶುರುಮಾಡಿದರು.