ದ್ರಾಕ್ಷಿ ತೋಟದಲ್ಲಿ ಭಾವನ ಪಾದಯಾತ್ರೆ

ನಮ್ಮ ಭಾವ ನಡೆಯಲು ಬಾರದ ಮನುಷ್ಯ. ಕಾಲಿಲ್ಲ ಅಂತಲ್ಲ, ಎರಡೂ ಇವೆ, ಗಟ್ಟಿಯಾಗಿಯೇ ಇವೆ. ಆದರೆ ಬ್ರೇಕು, ಆಕ್ಸಿಲರೇಟರು ಒತ್ತಲಿ ಎಂದೇ ದೇವರು ಅವನ್ನು ಕೊಟ್ಟಿದ್ದಾನೆ ಎಂದು ಅವರು ನಂಬಿದ್ದಾರೆ. ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಗುಫೂಲ್ ಎಂಬ ಬಡಾವಣೆಯ ಅವರ ಮನೆಯಿಂದ ಕೋಲ್ಡ್ ಸ್ಟೋರಿಗೆ, ಅಂದರೆ ನಮ್ಮ ಕಡೆಯ ಕಿರಾಣಿ ಅಂಗಡಿ ಅನ್ನಿ, ನಾನೇ ಎಣಿಸಿದ್ದೇನೆ, ಅರವತ್ತು ಹೆಜ್ಜೆ. ಭಾವ ಅಲ್ಲಿಗೆ ಹೋಗುವುದು ಹೇಗೆ ಗೊತ್ತೇ? ಲಿಫ್ಟಿನಲ್ಲಿ ಇಳಿಯುತ್ತಾರೆ. ಕಾರು ತೆಗೆಯುತ್ತಾರೆ. ಎ.ಸಿ. ಹಾಕಿ ಕಾರು ತಣ್ಣಗಾಗುವವರೆಗೆ ಕಾಯುತ್ತಾರೆ. ರಸ್ತೆ ಒನ್ ವೇ ಆದ್ದರಿಂದ ಇಡೀ ಬಡಾವಣೆಗೆ ಒಂದು ಪ್ರದಕ್ಷಿಣೆ ಹಾಕಿ ಅಂಗಡಿಯ ಮುಂದೆ ನಿಂತು ಹಾರ್ನ್ ಹೊಡೆಯುತ್ತಾರೆ. ಮಲಯಾಳಿ ಯಜಮಾನ ಹೊರಗೆ ಬಂದು ಕಿಟಕಿಯೊಳಗೆ ಕೊತ್ತಂಬರಿ ಸೊಪ್ಪಿನ ಕಟ್ಟು ಇಡುತ್ತಾನೆ. ವಾಪಸು ಬಂದರೆ ಪಾರ್ಕಿಂಗ್ ಜಾಗ ಬೇರೆಯವರ ಪಾಲಾಗಿರುತ್ತದೆ! ಅದನ್ನು ಹುಡುಕಿ ಮೇಲೆ ಬರುವಷ್ಟರಲ್ಲಿ ಅಕ್ಕನ ಸಾರು ಕೊತ್ತಂಬರಿಯಿಲ್ಲದೆಯೇ ಕುದಿದು ಇಳಿದಿರುತ್ತದೆ.

"ಅರವತ್ತು ಹೆಜ್ಜೆ ನಡೆಯೋಕೆ ಏನು ಕಷ್ಟ ಭಾವ?" ಎಂದು ಕೇಳಿದ್ದೆ.

"ಈ ಊರಲ್ಲಿ ನಡೆಯೋರನ್ನ ಕಂಡ್ರೆ ಜನ ಕಾರು ನಿಲ್ಲಿಸಿ, ಪಾಪ, ಎಲ್ಲಿಗೆ ಬಿಡಬೇಕು ಅಂತ ಕೇಳ್ತಾರೆ ಕಣಮ್ಮ. ಒಂದು ಕಟ್ಟು ಕೊತ್ತಂಬರಿಗೆ ಎಷ್ಟು ಜನಕ್ಕೆ ತೊಂದರೆ ಕೊಡೋದು?"

ಇಂಥ ಮಹಾನುಭಾವರು ಒಂದು ಶುಕ್ರವಾರ ಮಧ್ಯಾಹ್ನ, ಮೊಸರನ್ನ ಕಲಸುತ್ತಾ, "ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಗೆ ಹೋಗ್ತಾ ಇದೀವಿ. ನಡೆಯೋಕೆ" ಎಂದರು. ನಾನು ಇಲ್ಲೇ ಇನ್ನೊಂದು ಬಡಾವಣೆಯಾದ ಹೂರಾದಿಂದ ಪ್ರತಿ ಶುಕ್ರವಾರ ಅಕ್ಕನ ಮನೆಗೆ ಊಟಕ್ಕೆ ಹೋಗುವವಳು. ಎಲ್ಲಿಗೆ ಎಂದು ಎರಡು ಸಲ ಕೇಳಿದೆ.

ಬರ್ಗಂಡಿ ಎಂಬ ದ್ರಾಕ್ಷಿಯ ಸೀಮೆಯಂತೆ. ಗೈಡು ಇಲ್ಲ, ಗುಂಪು ಇಲ್ಲ. ಒಂದು ಕಂಪನಿಯವರು ದಾರಿಯ ವಿವರವನ್ನೆಲ್ಲ ಬರೆದು ಒಂದು ಪುಸ್ತಕ ಕೊಡುತ್ತಾರೆ. 'ಕಲ್ಲಿನ ಶಿಲುಬೆ ಕಂಡಾಗ ಎಡಕ್ಕೆ ತಿರುಗಿ, ನೀಲಿ ಬಾಗಿಲ ಮನೆ ದಾಟಿ ಇಳಿಜಾರಿನಲ್ಲಿ ಹೋಗಿ' ಎಂದೆಲ್ಲ. ಅದನ್ನು ಓದಿಕೊಂಡು ದ್ರಾಕ್ಷಿ ತೋಟಗಳ ನಡುವೆ ಊರಿಂದ ಊರಿಗೆ ನಿಧಾನವಾಗಿ ನಡೆಯಬೇಕು. ಬ್ಯಾಗುಗಳನ್ನು ಒಂದು ವ್ಯಾನು ಮುಂದಿನ ಊರಿನ ಹೋಟೆಲಿಗೆ ಮುಟ್ಟಿಸುತ್ತದೆ. ಇದಕ್ಕೆ ನಾವೇ ದುಡ್ಡು ಕೊಡಬೇಕು, ಅವರಲ್ಲ! ಅದೂ ವೈನಿನ ಸೀಮೆಗೆ ಹೊರಟಿರುವವರು ಯಾರು? ಕೆಮ್ಮಿನ ಔಷಧಿಯನ್ನೂ ಅದರಲ್ಲಿ ಏನೇನಿದೆ ಎಂದು ಓದಿಯೇ ಕುಡಿಯುವ ನಮ್ಮ ಭಾವ.

ನಗಬೇಕೆನಿಸಲಿಲ್ಲ ನನಗೆ. ಪಿತ್ತ ನೆತ್ತಿಗೇರಿತು. ಯಾಕೆಂದರೆ ಅಕ್ಕ ಅದರ ಹಿಂದಿನ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಕಾಲು ವಾಸಿಯಾಗಿದೆ, ಇನ್ನು ನಡೆಯುವುದೊಂದೇ ಔಷಧಿ, ಹೀಗೇ ಕೂತಿದ್ದರೆ ಮುಂದೆ ನಡೆಯಬೇಕೆಂದರೂ ಆಗುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆದರೆ ಮೂಳೆಗೆ ರಾಡು ಹಾಕಿದ ಹಾಗೆ ಹೆದರಿಕೆಗೆ ಹಾಕಲು ಬರುತ್ತದೆಯೇ? ಮಲಗುವ ಕೋಣೆಯಿಂದ ಅಡುಗೆಮನೆಗೆ ಗೋಡೆ ಸವರಿಕೊಂಡೇ ಹೋಗುತ್ತಿದ್ದಳು. ಅವಳ ಅಂಗೈ ಎತ್ತರದಲ್ಲಿ ಗೋಡೆಯುದ್ದಕ್ಕೂ ಒಂದು ಕಂದು ಗೆರೆ ಮೂಡಿತ್ತು. ಐವತ್ತೊಂದು ವರ್ಷದ ನನ್ನ ಅಕ್ಕ, ಒಂದು ವರ್ಷದಿಂದ ಒಬ್ಬಳೇ ಹೊಸ್ತಿಲು ದಾಟಿರಲಿಲ್ಲ. ನಾನು ಬೈದೆ, ಗೋಗರೆದೆ, ಕೋಲು ತಂದುಕೊಟ್ಟೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇನ್ನು ಅವಳು ಹೀಗೇ ಉಳಿದುಬಿಡುತ್ತಾಳೇನೋ ಎಂಬ ಯೋಚನೆ ನನ್ನನ್ನು ಕೊರೆಯುತ್ತಿತ್ತು.

"ಇವಳನ್ನ ಈ ಸ್ಥಿತೀಲಿ ಇಟ್ಕೊಂಡು ನಿಮಗೆ ವಿಹಾರ ಬೇಕಾ ಭಾವ? ಸ್ವಲ್ಪವಾದರೂ ಕರುಣೆ ಇದೆಯಾ ನಿಮಗೆ?" ಎಂದು ಕೂಗಾಡಿದೆ.

"ಅವಳೆಲ್ಲಿ ನಡೀತಾಳೆ? ನಡೆಯೋನು ನಾನು. ಅವಳು ಪುಸ್ತಕ ಓದಿ ದಾರಿ ಹೇಳಿದ್ರೆ ಸಾಕು. ನಡೀತಾ ಓದಿದ್ರೆ ನನಗೆ ತಲೆ ತಿರುಗುತ್ತೆ."

"ಪಕ್ಕದಲ್ಲಿ ನಡೆಯದೆ ದಾರಿ ಹೇಗೆ ಹೇಳ್ತಾಳೆ?"

"ಬ್ಯಾಗಿನ ವ್ಯಾನಿನಲ್ಲಿ ಒಂದು ಸೀಟು ಇದೆಯಂತೆ. ಬರೆದು ಕೇಳಿದೀನಿ. ಸಾಕು ಅನ್ನಿಸಿದ ಕಡೆ ಹತ್ತಿಕೊಳ್ಳಲಿ" ಎಂದು ಭಾವ ಉಪ್ಪಿನಕಾಯಿ ಹಾಕಿಕೊಂಡರು. ಅಕ್ಕ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನನಗಂತೂ ಈ ಮನುಷ್ಯನಿಗೆ ಬುದ್ಧಿ ಹೇಳುವವರೇ ಇಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ತಾಲೀಮು ಜೂನ್ ತಿಂಗಳಲ್ಲಿ ಶುರುವಾಯಿತು. ಬಹರೈನಿನ ಜೂನಿನಲ್ಲಿ ಹೊರಗೆ ನಡೆದರೆ ಚಪ್ಪಲಿಯೂ ಡಾಂಬರೂ ಒಂದಾಗುತ್ತವೆ. ಆದ್ದರಿಂದ ಮಾಲ್! ಅಲ್ಲಿ ನಡೆಯುವುದಕ್ಕೂ ಭಾವ ತಮ್ಮದೇ ದಾರಿಪುಸ್ತಕ ಬರೆದರು. 'ಅತ್ತರಿನ ಅಂಗಡಿಯ ಹತ್ತಿರ ಬಲಕ್ಕೆ. ಎಸ್ಕಲೇಟರ್ ಕಂಡರೆ ಆಸೆಪಡದೆ ಮುಂದೆ ಹೋಗುವುದು. ಬುರ್ಖಾ ಅಂಗಡಿಯ ಎರಡನೆಯ ಗೊಂಬೆಯಿಂದ ಎಡಕ್ಕೆ.' ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಂದು ಒಂದು ಬೆಂಚಿನ ಮೇಲೆ ಕೂರಿಸುವುದು. ಅವಳು ಮೊಬೈಲಿನಲ್ಲಿ ಓದಿ ಹೇಳಬೇಕು, ಇವರು ಆ ಕಡೆಯಿಂದ "ಆಯ್ತು, ಮುಂದೆ" ಎನ್ನುತ್ತಾ ನಡೆಯಬೇಕು. ಹೊಸ ಬೂಟು, ತಲೆಗೆ ಹ್ಯಾಟು, ಬೆನ್ನಿಗೆ ಚೀಲ, ಕೈಯಲ್ಲಿ ಕೋಲು. ಮಾಲಿನ ಒಳಗೆ!

ಮೊದಲ ದಿನವೇ ಕಳೆದುಹೋದರು. ಎರಡನೆಯ ಗೊಂಬೆಯನ್ನು ಅಂಗಡಿಯವರು ಆ ದಿನವೇ ಬೇರೆ ಕಡೆ ನಿಲ್ಲಿಸಿದ್ದರಂತೆ. ಭಾವ ಹೆಂಗಸರ ಒಳಉಡುಪಿನ ಅಂಗಡಿಯ ಬಾಗಿಲಲ್ಲಿ ಕೋಲೂರಿ ನಿಂತು ದಿಕ್ಕು ನೋಡುತ್ತಿದ್ದರು. ಸೆಕ್ಯೂರಿಟಿಯವನು ಬಂದು, "ಅಂಕಲ್, ಕಿದರ್ ಜಾನಾ ಹೈ?" ಎಂದು ಕೇಳಿದರೆ ಇವರು ಗಂಭೀರವಾಗಿ, "ಫ್ರಾನ್ಸ್" ಎಂದರಂತೆ. ಇದೆಲ್ಲ ಫೋನಿನಲ್ಲಿ ಅಕ್ಕನಿಗೆ ಕೇಳುತ್ತಲೇ ಇತ್ತು. ಅವಳಿದ್ದ ಬೆಂಚಿನಿಂದ ಆ ಅಂಗಡಿಯ ಬಾಗಿಲೂ ಕಾಣುತ್ತಿತ್ತು. ನಾಚಿಕೆಯಿಂದ ಸತ್ತೇ ಹೋಗುತ್ತೇನೆಂದು ಎದ್ದವಳು ಅಂಗಡಿಗಳ ಗಾಜು ಹಿಡಿದುಕೊಂಡು ಮೂವತ್ತು ಹೆಜ್ಜೆ ಹೋಗಿ ಗಂಡನ ತೋಳು ಹಿಡಿದು ಎಳೆದುಕೊಂಡು ಬಂದಳು. ಬಂದವಳೇ, "ನಾಳೆಯಿಂದ ನಾನೂ ಜೊತೆಗೇ ಬರ್ತೀನಿ. ಮರ್ಯಾದೆ ಉಳಿಸ್ಕೊಬೇಕಲ್ಲ" ಎಂದಳು.

ಮೂರು ತಿಂಗಳಲ್ಲಿ ಮಾಲಿಗೆ ಎರಡು ಸುತ್ತು ಹಾಕುವಷ್ಟಾದಳು. ಆದರೆ ಕೈ ಮಾತ್ರ ಬಿಡಳು. ಭಾವನ ಎಲ್ಲ ಶರ್ಟುಗಳ ಬಲತೋಳೂ ಹಿಂಡಿ ಒಣಗಿಸಿದ ಬಟ್ಟೆಯ ಹಾಗಾಗಿತ್ತು. ಭಾವ ಒಂದು ಸಲ ತೋಳು ಸರಿಸಿದ್ದಕ್ಕೆ ಅಕ್ಕ ಅಲ್ಲೇ ಕುಸಿದು ಕೂತು ಅತ್ತಿದ್ದಳಂತೆ. ಆಮೇಲೆ ಅವರೂ ಸರಿಸುವ ಸಾಹಸ ಮಾಡಲಿಲ್ಲ.

ವೀಸಾ ಕೇಳಲು ಹೋದಾಗಲೂ ಹಾಗೇ ತೋಳು ಹಿಡಿದೇ ಹೋದರು. ಅಲ್ಲಿದ್ದ ಹೆಣ್ಣುಮಗಳು, "ವೈನಿನ ವ್ಯಾಪಾರವೇ?" ಎಂದಳು. ಇಲ್ಲ. "ವೈನ್ ರುಚಿ ನೋಡಲಿಕ್ಕೆ?" ಮುಟ್ಟುವುದೇ ಇಲ್ಲ. "ಟ್ರೆಕ್ಕಿಂಗ್ ಅಭ್ಯಾಸವಿದೆಯೇ?" ಇವಳ ಕಾಲಿನಲ್ಲಿ ರಾಡಿದೆ. "ಮತ್ತೆ ಯಾಕೆ ಹೋಗುತ್ತೀರಿ?" ಭಾವ, "ನಿಧಾನವಾಗಿ ನಡೆದರೆ ಯಾರೂ ವಿಚಿತ್ರವಾಗಿ ನೋಡದಂಥ ಜಾಗ ಅದು ಅಂತ ಓದಿದೆ" ಎಂದರಂತೆ. ವೀಸಾ ಬಂತು. ಆ ಉತ್ತರಕ್ಕೇ ಬಂತು ಎಂದು ಭಾವನಿಗೆ ಈಗಲೂ ಜಂಬ.

ಇನ್ನು ಅಲ್ಲಿ ನಡೆದದ್ದು. ಇದನ್ನು ಅಕ್ಕನ ಬಾಯಲ್ಲೇ ಕೇಳಬೇಕು, ನಾನು ಹೇಳಿದರೆ ಅರ್ಧ ರುಚಿ ಹೋಗುತ್ತದೆ. ಆದರೂ ಹೇಳುತ್ತೇನೆ. ಗಲ್ಫಿನಲ್ಲಿ ಬಹಳ ವರ್ಷ ಇದ್ದವರಿಗೆ ವಾರ ಎಂದರೆ ಭಾನುವಾರ ಶುರುವಾಗಿ ಗುರುವಾರ ಮುಗಿಯುವ ವಸ್ತು. ಶುಕ್ರವಾರ, ಶನಿವಾರ ರಜೆ. ಇಡೀ ಪ್ರಪಂಚ ಹೀಗೇ ಇದೆ ಎಂದು ಭಾವನ ರಕ್ತಕ್ಕೆ ಹೇಗೆ ಇಳಿದುಬಿಟ್ಟಿತ್ತೆಂದರೆ, ಹೋಗುವ ಮೊದಲು ನಮ್ಮಿಬ್ಬರಿಂದ ನಲವತ್ತು ಚಪಾತಿ ಮಾಡಿಸಿದರು. "ಗುರುವಾರ ಮುಟ್ಟುತ್ತೀವಿ. ಎರಡು ದಿನ ಅಂಗಡಿ ಇರಲ್ಲ. ಭಾನುವಾರ ಬೆಳಿಗ್ಗೆ ತಾಜಾ ಸಾಮಾನು ತಗೊಂಡ್ರಾಯ್ತು." ಫ್ರಾನ್ಸಿನವರೂ ನಮ್ಮ ಹಾಗೇ ಶುಕ್ರವಾರ ಕದ ಹಾಕಿಕೊಂಡು ಮಲಗುತ್ತಾರೆ ಎಂದು ನಾವೂ ನಂಬಿ ಲಟ್ಟಿಸಿದೆವಲ್ಲ, ನಮಗೇನು ಹೇಳೋಣ!

ಶುಕ್ರವಾರ, ಶನಿವಾರ ಬೇಕರಿಗಳೆಲ್ಲ ಬಾಗಿಲು ತೆರೆದು ಬಿಸಿ ಬ್ರೆಡ್ಡಿನ ವಾಸನೆ ಊರೆಲ್ಲ ಹರಡಿದ್ದರೆ, ಇವರಿಬ್ಬರೂ ಕಲ್ಲುಗೋಡೆಯ ಮೇಲೆ ಕೂತು ಒಣ ಚಪಾತಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿಂದರು. ತಂದದ್ದು ಮುಗಿಯಬೇಕಲ್ಲ! ಭಾನುವಾರ ಡಬ್ಬಿ ಖಾಲಿ. ಭಾವ ಬಟ್ಟೆಯ ಚೀಲ ಝಾಡಿಸಿಕೊಂಡು ಹೊರಟರು. ಚರ್ಚಿನ ಗಂಟೆ ಬಿಟ್ಟರೆ ಊರಲ್ಲಿ ಒಂದು ಸದ್ದಿಲ್ಲ. ಎಲ್ಲ ಅಂಗಡಿಗೂ ಬೀಗ. ಮುಂದಿನ ಊರಲ್ಲಿ ಸಿಗಬಹುದೆಂದು ನಡೆದರು. ಅಲ್ಲೂ ಬೀಗ. ಮಧ್ಯಾಹ್ನ ಒಂದೂವರೆ ಆಗುವಷ್ಟರಲ್ಲಿ ಅಕ್ಕ ತೋಳು ಹಿಡಿದಿದ್ದಾಳೋ, ಭಾವನೇ ಅವಳಿಗೆ ಜೋತುಬಿದ್ದಿದ್ದಾರೋ ಹೇಳುವಂತಿರಲಿಲ್ಲ.

ತೋಟದ ನಡುವಿನ ಒಂದು ಮನೆಯಂಗಳದಲ್ಲಿ ಒಬ್ಬ ಅಜ್ಜಿ, ಅವರ ಮಗ ಊಟಕ್ಕೆ ಕೂತಿದ್ದರು. ಇವರ ಮುಖ ನೋಡಿಯೇ ಅಜ್ಜಿಗೆ ಅರ್ಥವಾಗಿರಬೇಕು. ಕರೆದು ಕೂರಿಸಿ, ಅಕ್ಕನ ಕೈಗೆ ಬ್ರೆಡ್ಡು, ಟೊಮ್ಯಾಟೊ ಕೊಟ್ಟು, ಭಾವನಿಗೆ ಒಂದು ಲೋಟ ಕೆಂಪು ವೈನ್ ಚಾಚಿದರು. ಭಾಷೆ ಬಾರದ ಭಾವ ಬಹರೈನಿನಲ್ಲಿ ಮಾಡುವ ಹಾಗೆಯೇ ಮಾಡಿದರು. ಬಲಗೈ ಎದೆಯ ಮೇಲಿಟ್ಟು, ಕಣ್ಣು ಅರೆಮುಚ್ಚಿ, ತಲೆ ಬಾಗಿಸಿದರು. ಬೇಡ, ನಿಮ್ಮ ಪ್ರೀತಿಯೇ ಸಾಕು ಎಂದು ಅರ್ಥ. ಅರಬರ ಮನೆಯಲ್ಲಾದರೆ ಇದನ್ನು ನೋಡಿ ಇವರೆಷ್ಟು ಮರ್ಯಾದಸ್ಥರು ಅನ್ನುತ್ತಾರೆ. ಅಜ್ಜಿ ಚೀರಿದರು!

ಹೆದರಬೇಡಿ ಎನ್ನಲು ಭಾವ ಎದೆಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು. ಅಲ್ಲಿಗೆ ಮುಗಿಯಿತು. ಹೃದಯಾಘಾತವೆಂದು ಮಗ ಭಾವನ ಕಾಲರ್ ಬಿಚ್ಚಿದ, ಅಜ್ಜಿ ಗಾಳಿ ಬೀಸಿದರು. ಭಾವ ಬಾಯಿ ತೆರೆದರೆ ಮಾತಾಡಬೇಡವೆಂದು ತುಟಿಯ ಮೇಲೆ ಬೆರಳಿಟ್ಟರು. ಅಜ್ಜಿಯ ತಮ್ಮ ನಿವೃತ್ತ ಡಾಕ್ಟರಂತೆ, ದಿಬ್ಬದ ಮೇಲೆ ಅರ್ಧ ಮೈಲಿ ದೂರದಲ್ಲಿ ಅವರ ಮನೆ. ಗಾಬರಿಯಲ್ಲಿ ಅವರನ್ನೇ ಕರೆಸಬಹುದೆಂದೂ ತೋಚದೆ ಇಬ್ಬರೂ ಭಾವನ ರಟ್ಟೆ ಹಿಡಿದು ದ್ರಾಕ್ಷಿ ಸಾಲುಗಳ ನಡುವೆ ಹತ್ತಿಸಿಕೊಂಡು ಹೊರಟೇಬಿಟ್ಟರು. ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾ, "ನೋ ನೋ, ಹಿ ಈಸ್ ಫೈನ್" ಎಂದು ಕೂಗುತ್ತಾ ಹಿಂದೆ ಓಡಿದಳು. ಹೌದು, ಅದು ಅವಳದೇ ಮಾತು, ಓಡಿದೆ ಎಂದಳು.

ಡಾಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು. ನಾಡಿ ನೋಡಿ, ಎದೆಗೆ ಕಿವಿಗೊಟ್ಟು, "ಈ ಮನುಷ್ಯನಿಗೆ ಹಸಿವೊಂದು ಬಿಟ್ಟು ಬೇರೆ ಯಾವ ಕಾಯಿಲೆಯೂ ಇಲ್ಲ" ಎಂದರು. ಆಮೇಲೆ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಅಕ್ಕನನ್ನು ಎಲ್ಲರೂ ತಿರುಗಿ ನೋಡಿದರು. ಅವಳೂ ಹಿಂತಿರುಗಿ ಹತ್ತಿ ಬಂದ ದಿಬ್ಬವನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಒಂದರಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಟೊಮ್ಯಾಟೊ. ಯಾರನ್ನಾದರೂ ಹಿಡಿದುಕೊಳ್ಳೋಣವೆಂದರೆ ಕೈಯೇ ಖಾಲಿಯಿರಲಿಲ್ಲ.

ಬಹರೈನಿಗೆ ವಾಪಸು ಬಂದ ಮೇಲೆ ನಾನು ಕೇಳಿದೆ, "ನಿಜ ಹೇಳಿ ಭಾವ, ಬೇಕೂಂತಲೇ ಮಾಡಿದಿರಾ?"

"ಹುಚ್ಚೇನಮ್ಮ ನಿನಗೆ? ಅರ್ಧ ಪ್ರಾಣ ಹೋಗಿತ್ತು ನನಗೆ. ಆ ಟೊಮ್ಯಾಟೊ ತಂದಳಲ್ಲ, ಅದಕ್ಕೆ ಬದುಕಿದೆ" ಎಂದರು.

ನವೆಂಬರ್‌ನ ಒಂದು ಶುಕ್ರವಾರ ಎಂದಿನಂತೆ ಅವರ ಮನೆಗೆ ಹೋದೆ. ಅಕ್ಕ ಇರಲಿಲ್ಲ. ಭಾವ ಒಬ್ಬರೇ ನಾಲ್ಕನೆಯ ಮಹಡಿಯ ಕಿಟಕಿಗೆ ಅಂಟಿಕೊಂಡು ನಿಂತಿದ್ದರು.

"ಅಕ್ಕ ಎಲ್ಲಿ?"

"ಟೈಲರ್ ಹತ್ರ ಹೋಗಿದಾಳೆ. ರಸ್ತೆ ಆ ಕಡೆ."

"ಯಾರ ಜೊತೆ?"

"ಒಬ್ಬಳೇ." ಅವರು ತಿರುಗಲಿಲ್ಲ. "ನಾನು ಬರಕೂಡದಂತೆ. ಇಪ್ಪತ್ತೈದು ನಿಮಿಷ ಆಯ್ತು."

ನಾನೂ ಪಕ್ಕದಲ್ಲಿ ಹೋಗಿ ನಿಂತೆ. ಅವರು ಕಿಟಕಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ರಸ್ತೆಯನ್ನೇ ನೋಡುತ್ತಾ ಹೇಳಿದರು. "ಅವತ್ತು ನೀನು ಬೈದಿದ್ದು ಸರೀನೇ ಇತ್ತಮ್ಮ. ನನಗೂ ಹೆದರಿಕೆ ಇತ್ತು. ಅಲ್ಲಿ ಮತ್ತೆ ಬಿದ್ದಿದ್ರೆ ನಾನು ಯಾರಿಗೆ ಮುಖ ತೋರಿಸ್ತಿದ್ದೆ? ರಾತ್ರಿಯೆಲ್ಲ ಟಿಕೆಟ್ ವಾಪಸ್ ಮಾಡೋಣ ಅನ್ನಿಸ್ತಿತ್ತು. ಆದ್ರೆ ಆ ಗೋಡೆ ಮೇಲಿನ ಗೆರೆ ನೋಡೋಕಾಗ್ತಿರಲಿಲ್ಲ."

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ಬರೀ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಕೆಳಗೆ, ಎದುರಿನ ಫುಟ್‌ಪಾತಿನಲ್ಲಿ, ಅಕ್ಕ ಕಾಣಿಸಿಕೊಂಡಳು. ಕಾರುಗಳು ನಿಲ್ಲುವವರೆಗೆ ಕಾದಳು. ತಲೆಯೆತ್ತಿ ನಮ್ಮ ಕಿಟಕಿಯತ್ತ ನೋಡಿ ಜೋರಾಗಿ ಕೈ ಬೀಸಿದಳು. ನಾನೂ ಬೀಸಿದೆ. ಆಮೇಲೆ ಯಾರ ಆಸರೆಯೂ ಇಲ್ಲದೆ ರಸ್ತೆ ದಾಟಿದಳು.

ಮೇಲೆ ಬಂದವಳೇ ಗಂಡನ ಮೇಲೆ ರೇಗಿದಳು. "ಏನ್ರೀ, ಅಷ್ಟು ಹೊತ್ತು ಕೈ ಬೀಸಿದೆ, ಇವಳೊಬ್ಬಳು ಬೀಸಿದ್ಲು. ನೀವು ಕಂಬದ ಹಾಗೆ ನಿಂತಿದ್ರಲ್ಲ, ಕಾಣಲಿಲ್ವಾ?"

"ಇಲ್ಲ ಕಣೇ. ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದರು ಭಾವ.

ಆ ಹೊತ್ತಿಗೆ ಬಿಸಿಲು ಕಟ್ಟಡದ ಹಿಂದಿತ್ತು. ಎಲ್ಲಕ್ಕೂ ಬಾಯಿ ಹಾಕುವ ನಾನು ಆ ದಿನ ಹೋಗಿ ಕಿಟಕಿಯ ಪರದೆ ಎಳೆದೆ.