ಚಿಗವ್ವನ ಪದ್ಯ, ನನ್ನ ಗಂಡ

ಗಂಡನ ಹೆಸರು ಹೇಳದೆ ಬದುಕುವುದು ಅಂಥ ಕಷ್ಟದ ಕೆಲಸವಲ್ಲ. "ರೀ" ಅಂದರೆ ಓಗೊಡುತ್ತಾರೆ. ಓಗೊಡದಿದ್ದರೆ ಪಾತ್ರೆ ಕುಕ್ಕಿದರಾಯಿತು. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದ ಮನೆಯವಳು ಹೇಳಿಬಿಡುತ್ತಾಳೆ. ಹೇಳಲೇಬೇಕಾಗಿ ಬರುವುದು ಎಲ್ಲೋ ಅಪರೂಪಕ್ಕೆ, ಮದುವೆಯಾಗಿ ಮನೆ ತುಂಬುವಾಗ ಅಥವಾ ಯಾರೋ ಬಸುರಿಗೆ ಮಾಡುವ ಕುಬಸದಲ್ಲಿ. ಅದೂ ಬರೇ ಹೆಸರು ಹೇಳುವಂತಿಲ್ಲ. ಒಂದು ಪದ್ಯ ಹೇಳಿ, ಅದರ ಕೊನೆಗೆ ಹೆಸರನ್ನು ಕೂಡಿಸಬೇಕು. ಅದಕ್ಕೆ ನಮ್ಮ ಕಡೆ ಒಡಪು ಅಂತಾರೆ. ನನ್ನ ಸರದಿ ಬಂದಾಗ ನಾನು ಪದ್ಯವನ್ನು ಎಲ್ಲೂ ತಪ್ಪದೆ ಹೇಳಿದೆ. ಹೆಸರು ಮಾತ್ರ ಬೇರೆ ಗಂಡಸಿನದು.

ನನ್ನ ತವರು ಮುಂಡಗೋಡದ ಹತ್ತಿರ ಸನವಳ್ಳಿ. ಮೂರನೇ ಇಯತ್ತೆ ಆದಮೇಲೆ ಸಾಲಿ ಬಿಡಿಸಿ ಎಮ್ಮೆ ಹಿಂದೆ ಕಳಿಸಿದರು. ಎಮ್ಮೆಗೆ ಒಡಪು ಬರುವುದಿಲ್ಲ, ಹಾಗಾಗಿ ನನಗೂ ಬರಲಿಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ನನ್ನನ್ನು ಗೊತ್ತು ಮಾಡಿದಾಗ ಚಿಗವ್ವ ತನ್ನ ಒಡಪನ್ನೇ ನನಗೆ ಕಲಿಸಿದಳು: "ಬೆಲ್ಲದಂಥ ಮಾತು, ಮಲ್ಲಿಗಿಯಂಥ ನಗಿ, ಎಲ್ಲಿ ಹುಡುಕಿದರೂ ಸಿಗದಂಥವ ನಮ್ಮ ಕಲ್ಲಪ್ಪ." ಕಲ್ಲಪ್ಪ ಚಿಗವ್ವನ ಗಂಡ, ನನಗೆ ಕಾಕಾ ಆಗಬೇಕು. "ಕೊನಿಗೆ ನಿನ್ನ ಗಂಡನ ಹೆಸರು ಹಾಕ್ಕೋ, ಮುಗೀತು" ಅಂದಳು ಚಿಗವ್ವ. ಅವಳಿಗೇನು, ಹೇಳಿಬಿಟ್ಟಳು. ನನ್ನ ಗಂಡನ ಹೆಸರು ಫಕೀರಪ್ಪ. ಬೆಲ್ಲ, ಮಲ್ಲಿಗಿ, ಎಲ್ಲಿ ಅಂತ ನಾಲಿಗೆ ಜಾರಿಕೊಂಡು ಬಂದರೆ ಮುಂದೆ ತಾನಾಗಿಯೇ ಕಲ್ಲಪ್ಪ ಬರುತ್ತಾನೆ, ಫಕೀರಪ್ಪ ಎಲ್ಲಿಂದ ಬರಬೇಕು?

ಬರಲಿಲ್ಲ. ಮಿಲ್ಲಿನ ಲೈನ್ ಮನೆಯ ಹೊಸ್ತಿಲಲ್ಲಿ ನಾದಿನಿ ಶಾಂತವ್ವ ಎರಡೂ ಕೈ ಅಡ್ಡ ಹಿಡಿದು, "ಹೆಸರು ಹೇಳು, ಒಳಗ ಬಾ" ಅಂದಳು. ನಾನು ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆಮೇಲೆ ಎದ್ದ ನಗುವಿನಲ್ಲಿ ಮಿಲ್ಲಿನ ಭೋಂಗಾ ಕೂಗಿದ್ದೂ ಕೇಳಲಿಲ್ಲವಂತೆ.

ಅಂದಿನಿಂದ ಬೀಗರು, ನೆಂಟರು ಯಾರು ಬಂದರೂ "ಕಲ್ಲಪ್ಪ ಅದಾರೇನ್ರಿ ಮನ್ಯಾಗ?" ಅಂತಲೇ ಒಳಗೆ ಬರುವುದು. ನನ್ನ ಮಗನ ಮದುವೆಯಲ್ಲೂ ಅದೇ ಮಾತು. ಇವರು ಒಂದು ದಿನವೂ ಸಿಟ್ಟಾಗಲಿಲ್ಲ, ನಗಲೂ ಇಲ್ಲ; ಮುಖ ಆ ಕಡೆ ತಿರುಗಿಸಿ ಹೆಗಲ ಮೇಲಿನ ಟಾವೆಲ್ ಸರಿ ಮಾಡಿಕೊಳ್ಳುತ್ತಿದ್ದರು. ಒಳಗೇ ನೊಂದಿದ್ದಾರೆ ಅಂತ ನಾನು ತಿಳಿದಿದ್ದೆ. ತಿಳಿದೂ ಏನು ಮಾಡಲಿ? ಆಡಿದ ಮಾತು ಉಗುಳಿದ ಎಲೆಯಡಿಕೆಯಲ್ಲ, ನೀರು ಹಾಕಿ ತೊಳೆಯಲು.

ಈ ಮಳೆಗಾಲದಲ್ಲಿ ಇವರಿಗೆ ಕಣ್ಣಿನ ಆಪರೇಷನ್ ಆಯಿತು. ನರ್ಸು ಬಂದು, "ಅಜ್ಜಿ, ಯಜಮಾನರ ಹೆಸರೇನು?" ಅಂದಳು. ನಾನು ಗೋಡೆ ನೋಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವರು ಅಲ್ಲಿಂದಲೇ, "ಫಕೀರಪ್ಪ ಅಂತ ಬರಕೋರಿ. ಆಕಿನ್ನ ಕೇಳಬ್ಯಾಡ್ರಿ, ಬ್ಯಾರೆಯವರು ಬರ್ತಾರ" ಅಂದರು. ನರ್ಸಿಗೆ ಅರ್ಥವಾಗಲಿಲ್ಲ. ನನಗೆ ಚೆನ್ನಾಗಿಯೇ ಅರ್ಥವಾಯಿತು. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ಈ ಹೆಸರನ್ನು ಸರಿ ಮಾಡಲೇಬೇಕು ಅಂತ ಅಲ್ಲೇ ಸ್ಟೂಲಿನ ಮೇಲೆ ಕೂತು ಗಟ್ಟಿ ಮಾಡಿಕೊಂಡೆ. ಮೊಮ್ಮಗಳು ಸಹನಾ ಬಸುರಿ. ದೀಪಾವಳಿ ಆದಮೇಲೆ ನಮ್ಮ ಮನೆಯಲ್ಲೇ ಅವಳ ಕುಬಸ. ಅಲ್ಲಿ ಹೇಳಬೇಕು, ಅದೂ ನನ್ನದೇ ಪದ್ಯ. ಸಾಲ ತಂದ ಪದ್ಯದ ಸುಖ ಒಮ್ಮೆ ಉಂಡಿದ್ದು ಸಾಕು.

ದಸರೆ ಮುಗಿದ ಮೇಲೆ ನಮ್ಮ ಓಣಿಯ ಗುಡಿಯ ಹಾಲ್‌ನಲ್ಲಿ ಹೆಂಗಸರಿಗೆ ಕವಿತೆ ಮತ್ತು ಕಸೂತಿ ಕಲಿಸುತ್ತಾರೆ ಅಂತ ಗೊತ್ತಾಯಿತು. ಕವಿತೆಯನ್ನೂ ಕಸೂತಿಯನ್ನೂ ಯಾಕೆ ಒಟ್ಟಿಗೆ ಕಟ್ಟಿದರೋ ತಿಳಿಯದು. ಎರಡರಿಂದಲೂ ಹೊಟ್ಟೆ ತುಂಬುವುದಿಲ್ಲ, ಅದಕ್ಕಿರಬೇಕು. ಕಲಿಸುವವರು ಸುಮಾ ಟೀಚರ್, ಅಂಬಿಕಾನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಸೊಸೆಗಿಂತ ಚಿಕ್ಕವಳು, ಕೋಪವೇ ಬಾರದ ಹುಡುಗಿ. ಕೋಪ ಬಾರದವರ ಹತ್ತಿರ ಕಲಿಯುವುದು ಬಹಳ ಕಷ್ಟ, ತಪ್ಪಿದ್ದೇ ಗೊತ್ತಾಗುವುದಿಲ್ಲ.

ಮೊದಲ ದಿನ, "ಶರತ್ಕಾಲದ ಬಗ್ಗೆ ಮನಸ್ಸಿಗೆ ಬಂದದ್ದು ಬರೀರಿ" ಅಂದರು. ಮಳೆ ನಿಂತು ಬಿಸಿಲು ಬಿದ್ದರೆ ಮನಸ್ಸಿಗೆ ಏನು ಬರುತ್ತದೆ? ಮಳೆಗಾಲವೆಲ್ಲ ಹೊದ್ದು ಮುಗ್ಗಿದ ಕೌದಿ ಬರುತ್ತದೆ. "ಮಳಿ ಹೋತು. ಕೌದಿ ಒಗದು ಬಿಸಲಿಗೆ ಹಾಕಿದೆ" ಅಂತ ಬರೆದೆ. ಟೀಚರ್ ಖುಷಿಯಾಗಿ, "ಮುಂದೆ ಅಜ್ಜಿ?" ಅಂದರು.

"ಮುಂದೇನ್ರಿ, ಒಣಗಿದವು. ಮಡಚಿ ಇಟ್ಟೆ."

"ಆಗ ನಿಮ್ಮೊಳಗೆ ಏನನ್ನಿಸಿತು?"

"ಸೊಂಟ ನೋವು ಅನಿಸ್ತು."

ಕಸೂತಿ ಇದಕ್ಕಿಂತ ಕಠಿಣ. ಜನ್ಮವೆಲ್ಲ ಕೌದಿ ಹೊಲಿದ ಕೈ ನನ್ನದು. ದಾರ ಪೋಣಿಸಿದ ಕೂಡಲೇ ತುದಿಗೆ ಗಂಟು ಹಾಕುತ್ತದೆ. ಕಸೂತಿಗೆ ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಒಂದು ಹೊಲಿಗೆ ಹಾಕಬೇಕು, ಒಂದು ಜಾಗ ಬಿಡಬೇಕು, ಹೀಗೇ ಚಿತ್ರದ ಸುತ್ತ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಸರಿಯಾಗಿ ಮಾಡಿದರೆ ಮುಂದೆಯೂ ಹಿಂದೆಯೂ ಒಂದೇ ಚಿತ್ರ. ಹುಟ್ಟುವ ಕೂಸಿನ ಕುಂಚಿಗೆಯ ಮೇಲೆ ನಾನು ಆನೆ ತೆಗೆಯಲು ಹೊರಟೆ. ಹೋಗುವಾಗ ಆನೆಯೇ ಇತ್ತು, ಬರುವಾಗ ದಾರಿ ತಪ್ಪಿ ಹಂದಿಯಾಯಿತು. ಕಾಡಿನ ಅಂಚಿಗೆ ಇರುವವಳು, ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ, ಸುಳ್ಳು ಹೇಳಲಾರೆ. ಟೀಚರ್ ಬಟ್ಟೆ ತಿರುಗಿಸಿ ನೋಡಿ, "ಪ್ರಯತ್ನ ಚೆನ್ನಾಗಿದೆ" ಅಂದರು. ಬಿಚ್ಚಿದೆ. ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಹೀಗೆ ಬಿಟ್ಟ ಜಾಗ ತುಂಬುತ್ತಾ ಕೂತ ಒಂದು ಮಧ್ಯಾಹ್ನ, ಯಾರನ್ನೂ ಕೇಳದೆ ಪದ್ಯ ಬಂತು. ಮರೆತು ಹೋದೀತೆಂದು ದಾರಿಯುದ್ದಕ್ಕೂ ಗೊಣಗಿಕೊಂಡು ಮನೆಗೆ ಬಂದೆ. ಕಿರಾಣಿ ಅಂಗಡಿಯವ ಮಾತಾಡಿಸಿದರೂ ನಿಲ್ಲಲಿಲ್ಲ. ಈಗಲೂ ಅವನಿಗೆ ನನ್ನ ಮೇಲೆ ಮುನಿಸು.

ಕುಬಸದ ದಿನ ಸಹನಾಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಆರತಿ ಮಾಡಿದ ಮೇಲೆ ಒಡಪು ಶುರುವಾದವು. ಶಾಂತವ್ವನೂ ಬಂದಿದ್ದಳು. ಈಗ ಅವಳಿಗೆ ಹಲ್ಲಿಲ್ಲ, ಆದರೆ ಕೈ ಅಡ್ಡ ಹಿಡಿಯುವುದು ಮರೆತಿಲ್ಲ. "ವೈನಿ, ಹೆಸರು ಹೇಳು, ಊಟಕ್ಕ ಏಳು" ಅಂದಳು. ಇವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಸಲ ಕಣ್ಣು ಬಿಟ್ಟುಕೊಂಡೇ ಹೇಳಿದೆ:

"ಸೂಜಿ ಹೋದ ದಾರ್‍ಯಾಗ ತಿರುಗಿ ಬಂದು ತಿದ್ದಿಕೊಂಡೆ ತಪ್ಪ,
ಹೊಸ್ತಿಲದಾಗ ಬಿಟ್ಟ ಹೆಸರ ಈಗ ಹೇಳ್ತೀನಿ, ಫಕೀರಪ್ಪ."

ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಯಿ, ಇದೇನಿದು?" ಅಂದಳು ಸಹನಾ. "ಕಲ್ಲಪ್ಪ ಎಲ್ಲಿ ಹೋದ? ನಮ್ಮ ಅತ್ತಿಯವರಿಗೆ ನಿನ್ನ ಒಡಪು ಕೇಳಿಸ್ಬೇಕಂತ ಹಳಿಯಾಳದಿಂದ ಕರಕೊಂಡ ಬಂದೇನಿ!" ಶಾಂತವ್ವ, "ನಾ ಬರೇ ಇದಕ್ಕ ಬಂದಿದ್ದೆ ನೋಡವಾ" ಅಂತ ಕೈ ಇಳಿಸಿದಳು. ನಾನು ಇವರ ಕಡೆ ನೋಡಿದೆ. ಟಾವೆಲ್ ಸರಿ ಮಾಡಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಆಮೇಲೆ ಬೆಲ್ಲ, ಮಲ್ಲಿಗಿ, ಕಲ್ಲಪ್ಪ ಅಂತ ಚಿಗವ್ವನ ಪದ್ಯವನ್ನು ಒಂದಕ್ಷರ ಬಿಡದೆ ತಾವೇ ಹೇಳಿಬಿಟ್ಟರು! ಮನೆ ಹಾರಿಹೋಗುವಂತೆ ನಕ್ಕರು ಎಲ್ಲರೂ.

"ಅವತ್ತ ನನ್ನ ಕಾಲು ನಡಗಾಕತ್ತಿದ್ವು" ಅಂದರು ಇವರು, ನಗು ಇಳಿದ ಮೇಲೆ. "ನೌಕರಿ ಹೊಸಾದು, ಹೇಂತಿ ಹೊಸಾಕಿ, ಮನಿ ತುಂಬ ಮಂದಿ. ಈಕಿ ಕಲ್ಲಪ್ಪ ಅಂದ್ಲು ನೋಡ್ರಿ, ನನಗಿಂತ ಈಕಿನ ಹೆಚ್ಚು ಹೆದರ್‍ಯಾಳ ಅಂತ ಗೊತ್ತಾತು. ನನಗ ಧೈರ್ಯ ಬಂತು."

"ಇದನ್ನ ಇಷ್ಟು ವರ್ಷ ಯಾಕ ಹೇಳಲಿಲ್ರಿ?" ಅಂದೆ.

"ನೀ ಕೇಳಲಿಲ್ಲ."

ಹೇಳಿ, ಸಹನಾಗೆ ನಾನು ಕೊಟ್ಟಿದ್ದ ಕುಂಚಿಗೆ ಎತ್ತಿಕೊಂಡು ಆಪರೇಷನ್ ಆದ ಕಣ್ಣಿಗೆ ಹಿಡಿದು, ಹಿಂದೆ ತಿರುಗಿಸಿ, "ಇಲ್ಲಿ ಕಿವಿ ಕೆಳಗ ಒಂದು ಗಂಟೈತಿ" ಅಂದರು. ಆ ಕಣ್ಣು ಮಾಡಿಸಲು ಆಸ್ಪತ್ರೆಗೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗಿದ್ದೆ.

ಈಗ ಸಹನಾಳ ಹಟ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಆಯಿ ಹಳೇ ಒಡಪನ್ನೇ ಹೇಳಬೇಕಂತೆ. ಹೊಸದನ್ನು ಅಷ್ಟು ಗಟ್ಟಿ ಮಾಡಿದ್ದಕ್ಕೆ ಹಳೆಯದು ನನ್ನ ಬಾಯಿಗೆ ಬರುತ್ತಿಲ್ಲ. ಹಾಗಾಗಿ ದಿನಾ ಸಂಜೆ ಚಹಾ ಕುಡಿದ ಮೇಲೆ ಇವರ ಎದುರು ಕೂತು ಕಲಿಯುತ್ತಿದ್ದೇನೆ. ಬೆಲ್ಲ ಬರುತ್ತದೆ, ಮಲ್ಲಿಗಿ ಬರುತ್ತದೆ, ಎಲ್ಲಿ ಹುಡುಕಿದರೂ ಸಿಗದಂಥವ ಅನ್ನುವವರೆಗೂ ನೆಟ್ಟಗೆ ಬರುತ್ತೇನೆ. ಅಲ್ಲಿಗೆ ಬಂದು ಫಕೀರಪ್ಪ ಅಂದುಬಿಡುತ್ತೇನೆ. ಇವರು ಸುಮಾ ಟೀಚರ್ ಹಾಗಲ್ಲ, ಕೋಪ ಬರುತ್ತದೆ. ಕಪ್ಪು ಕೆಳಗಿಟ್ಟು, "ಎಷ್ಟು ಸಲ ಹೇಳೂದು ನಿನಗ? ಕಲ್ಲಪ್ಪ ಅನ್ನು!" ಅನ್ನುತ್ತಾರೆ.