ತಳ ಹತ್ತಿದ ಎಣಗಾಯಿಯ ಕ್ಯಾಸೆಟ್ಟು

ನಮ್ಮ ಸೋದರಮಾವನ ಹತ್ತಿರ ಇಡೀ ರಾಣೆಬೆನ್ನೂರು ಇದೆ. ಆಣೆ ಮಾಡಿ ಹೇಳುತ್ತೇನೆ! ಕೆಡವಿಹಾಕಿದ ಹಳೇ ಕಟ್ಟಡಗಳಿವೆ, ಉದ್ಘಾಟನೆಯಾದ ಮರುಗಳಿಗೆಯೇ ನಿಂತುಹೋದ ಕಾರಂಜಿಯಿದೆ, ‘ಎರಡೇ ಮಾತು ಹೇಳುತ್ತೇನೆ’ ಎಂದು ಎರಡು ತಾಸು ಹೇಳಿದ ಗಣ್ಯರಿದ್ದಾರೆ, ಅವರ ಹಿಂದೆ ಕೂತು ಆಕಳಿಸಿದ ಇನ್ನಷ್ಟು ಗಣ್ಯರಿದ್ದಾರೆ. ಎಲ್ಲರೂ ಕ್ಯಾಸೆಟ್ಟುಗಳಲ್ಲಿ ಸುತ್ತಿಕೊಂಡು ಮಲಗಿದ್ದಾರೆ. ನಿಮಗೆ ಬೇಕಾದವರನ್ನು ಹುಡುಕುವುದೂ ಬಹಳ ಸುಲಭ. ಆ ದಿನ ನಮ್ಮ ಮಾವ ಏನು ತಿಂದಿದ್ದರು ಎಂಬುದೊಂದು ಗೊತ್ತಿದ್ದರೆ ಸಾಕು.

ಸ್ವಲ್ಪ ಬಿಡಿಸಿ ಹೇಳಬೇಕು. ಮನೆಮನೆಯ ತಾರಸಿಯ ಮೇಲೆ ಡಿಶ್ ಬರುವುದಕ್ಕೆ ಮೊದಲು ನಮ್ಮ ಮಾವ ಊರಿನ ಕೇಬಲ್ಲಿನಲ್ಲಿ ದಿನಾ ಸಂಜೆ ಅರ್ಧ ತಾಸು ಸುದ್ದಿ ಕೊಡುತ್ತಿದ್ದರು. ವರದಿಗಾರ ಅವರೇ, ಕ್ಯಾಮೆರಾ ಹೊರುವವರು ಅವರೇ, ಅಂಗಿ ಬದಲಿಸಿ ಬಂದು ಸುದ್ದಿ ಓದುವವರೂ ಅವರೇ. ಹೊಲಿಗೆ ಮಷೀನಿನ ಮೇಲೆ ಹಲಗೆ ಹಾಕಿದರೆ ಸುದ್ದಿಮನೆಯ ಮೇಜು. ಬೆನ್ನ ಹಿಂದಿನ ಪರದೆ ಅತ್ತೆಯ ಮದುವೆಯ ಹಸಿರು ಸೀರೆ. “ಆ ಸೀರಿ ನಾ ಉಟ್ಟಿದ್ದು ಮೂರ ಸಲ. ಟಿವ್ಯಾಗ ಊರ ಮಂದಿ ನೋಡಿದ್ದು ಸಾವಿರ ಸಲ!” ಎಂದು ಅತ್ತೆ ಇವತ್ತಿಗೂ ಅನ್ನುತ್ತಾರೆ.

ಹೀಗೆ ಊರೂರು ತಿರುಗಿ ತೆಗೆದ ಕ್ಯಾಸೆಟ್ಟುಗಳ ಮೇಲೆ ಬೇರೆಯವರಾದರೆ ತಾರೀಖು ಬರೆಯುತ್ತಿದ್ದರು. ಮಾವ ಬರೆದದ್ದು ಹೀಗೆ: ‘ಗುತ್ತಲ — ಮಿರ್ಚಿ, ಎಣ್ಣೆ ಹಳೇದು.’ ‘ಕುಮಾರಪಟ್ಟಣ — ಅವಲಕ್ಕಿ, ಚಹಾದಲ್ಲಿ ಇರುವೆ.’ ‘ಹಾವೇರಿ — ಏನೂ ಕೊಡಲಿಲ್ಲ.’ ‘ಹಾವೇರಿ — ಮತ್ತೆ ಏನೂ ಕೊಡಲಿಲ್ಲ.’ ನಾನು ಹಾವೇರಿಯವನು. ನಮ್ಮೂರಿನ ಮಾನ ಎರಡು ಕ್ಯಾಸೆಟ್ಟುಗಳ ಬೆನ್ನಿನ ಮೇಲೆ ಹೋಗಿದೆ!

“ತಾರೀಖು ಹಾಕಾಕ ಏನಾಗಿತ್ತು ಮಾವಾ?” ಎಂದು ಕೇಳಿದೆ.

“ತಾರೀಖು ತಲ್ಯಾಗ ಇರ್ತಾವ. ತಲಿ ಮರೀತೈತಿ. ನಾಲಿಗಿ ಮರಿಯಂಗಿಲ್ಲಲೇ.”



ಕೇಬಲ್ ಸುದ್ದಿ ನಿಂತು ವರ್ಷಗಳಾದವು. ಮಾವನ ಬಾಯಿ ಮಾತ್ರ ನಿಂತಿಲ್ಲ. ಮನೆಯಲ್ಲಿ ಈಗಲೂ ಅವರು ಗ್ರಾಂಥಿಕದಲ್ಲೇ ಎಚ್ಚರಿಸುತ್ತಾರೆ: “ಇದೀಗ ಬಂದ ಸುದ್ದಿ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿದಿದ್ದು, ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ.” ಒಳಗಿನಿಂದ ಅತ್ತೆ: “ಇನ್ನ ಸಂಭವಿಸ್ತೈತಿ! ಮೊದಲ ಗ್ಯಾಸ್ ಬಂದ್ ಮಾಡ್ರಿ!”

ಇಂಥ ಮಾವನಿಗೆ ನನ್ನಂಥ ಅಳಿಯ. ನಾನು ಮದುವೆ, ಸೀಮಂತ, ಗಣಪತಿ ಪೆಂಡಾಲುಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುವವನು. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಮರುದಿನ ಅವರ ಮುಂದೆಯೇ ಆಡಿ ತೋರಿಸುವ ಕೆಟ್ಟ ಚಟ. ಸ್ವಂತ ಧ್ವನಿ ಹೇಗಿದೆ ಎಂದು ಕೇಳಬೇಡಿ. ಮದುವೆಗೆ ಹೆಣ್ಣು ನೋಡಲು ಹೋದಾಗ ಗಾಬರಿಯಲ್ಲಿ ನಮ್ಮ ಹೆಡ್‌ಮಾಸ್ತರರ ಧ್ವನಿಯಲ್ಲಿ “ಹೆಸರೇನು?” ಎಂದುಬಿಟ್ಟೆ. ಹುಡುಗಿ ಎದ್ದು ಕೈಕಟ್ಟಿ ನಿಂತಳು. ಸಂಬಂಧ ಅಲ್ಲಿಗೇ ಮುಗಿಯಿತು.

ಒಂದು ಸಲ ಮಾವನ ಧ್ವನಿಯಲ್ಲೇ ಅತ್ತೆಗೆ ಫೋನ್ ಮಾಡಿದೆ: “ಇದೀಗ ಬಂದ ಸುದ್ದಿ. ಮನೆಯಲ್ಲಿನ ಸಮಸ್ತ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಲು ತೀರ್ಮಾನಿಸಲಾಗಿದೆ.” ಅತ್ತೆ ಖುಷಿಯಲ್ಲಿ ಗೋದಿ ಹುಗ್ಗಿ ಮಾಡಿಬಿಟ್ಟರು. ಮಾವ ಬಂದು ಎರಡು ಬಟ್ಟಲು ಚಪ್ಪರಿಸಿದ ಮೇಲೆ ಕೇಳಿದರು, “ಇವತ್ತ ಏನ ವಿಶೇಷ?” ಆ ಮೇಲೆ ನನ್ನ ಕಿವಿಗೆ ಬಿದ್ದ ಪ್ರಸಾದವೇ ಬೇರೆ.

“ಲೇ ಮಂಗ್ಯಾ, ಧ್ವನಿ ಅಂದ್ರ ಮನಶ್ಯಾನ ಅಂಗಿ ಇದ್ದಂಗ. ಅವನ್ನ ಕೇಳದ ಹಾಕ್ಕೊಂಡ ತಿರಗಬಾರದು.”

ಅತ್ತೆಯ ಆಸೆ ಅರ್ಧವಾದರೂ ಈಡೇರಿತು ಅನ್ನಿ. ಮನೆಯ ಸೆಕೆಗೂ ಮಳೆಗಾಲದ ಥಂಡಿಗೂ ಸಿಕ್ಕು ಕ್ಯಾಸೆಟ್ಟುಗಳಿಗೆ ಬಿಳೀ ಬೂಷ್ಟು ಹಿಡಿಯತೊಡಗಿತು. ಮಾವನ ಗೆಳೆಯರೊಬ್ಬರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯುವ ಜಾಗದಲ್ಲಿ ಊರಿನ ಬಣ್ಣ ಮಾಸುವುದೇ? ಚೀಲಗಳ ನಡುವೆ ಒಂದು ಮೂಲೆ ಸಿಕ್ಕಿತು. ನನ್ನ ಸ್ಕೂಟರಿನ ಮೇಲೆ ಇಡೀ ರಾಣೆಬೆನ್ನೂರನ್ನು ಕಂತುಕಂತಾಗಿ ಬ್ಯಾಡಗಿಗೆ ಸಾಗಿಸಿದೆವು.

“ಮನ್ಯಾಗ ನನಗ ಒಂದು ಕೂಲರ್ ಇಲ್ಲ, ನಿಮ್ಮ ಡಬ್ಬಿಗೆ ಏಸಿ!” ಎಂದರು ಅತ್ತೆ.

ಅಂದಿನಿಂದ ಯಾವ ಕ್ಯಾಸೆಟ್ಟು ಹಾಕಿದರೂ ಮೊದಲು ಬರುವುದು ಸುದ್ದಿಯಲ್ಲ, ಸೀನು. ಶೋಕಸಭೆಯ ಕ್ಯಾಸೆಟ್ಟಿಗೂ ಕಣ್ಣಲ್ಲಿ ನೀರು, ನಗೆಹಬ್ಬದ ಕ್ಯಾಸೆಟ್ಟಿಗೂ ನೀರು. ಘಾಟು ಪಕ್ಷಪಾತ ಮಾಡುವುದಿಲ್ಲ!

ಈ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವುದೇ ಮಾವನ ಈಗಿನ ಉದ್ಯೋಗ. ಅದಕ್ಕೆ ಎರಡು ಕಾನೂನು. ಒಂದು, ಬ್ಯಾಡಗಿಯಿಂದ ತಂದ ಕ್ಯಾಸೆಟ್ಟನ್ನು ಒಂದು ಹಗಲು ಒಂದು ರಾತ್ರಿ ಬಟ್ಟೆಯಲ್ಲಿ ಸುತ್ತಿ ಮಲಗಿಸಬೇಕು. ತಣ್ಣಗಿದ್ದದ್ದು ಬೆವರುತ್ತದಂತೆ. ಬೆವರಿದ್ದನ್ನು ಹಾಕಿದರೆ ಮಷೀನಿಗೆ ಅಂಟಿಕೊಳ್ಳುತ್ತದಂತೆ. ಅತ್ತೆ ಈ ಗಂಟುಗಳಿಗೆ ‘ಬಾಣಂತಿ’ ಎಂದು ಹೆಸರಿಟ್ಟಿದ್ದಾರೆ. ಎರಡು, ಒಂದು ಕ್ಯಾಸೆಟ್ಟು ಒಂದೇ ಸಲ. ನೋಡುವುದೂ ಆಗಲೇ, ಇಳಿಸುವುದೂ ಆಗಲೇ. ರಿಬ್ಬನ್ ಕತ್ತರಿಸಲು ಹೋದ ಗಣ್ಯರೊಬ್ಬರು ತಮ್ಮ ಕೊರಳಿನ ಹಾರವನ್ನೇ ಕತ್ತರಿಸಿಕೊಂಡ ದೃಶ್ಯ ಬಂದಾಗ ನಾನು ಕಾಲು ಹಿಡಿದು ಬೇಡಿಕೊಂಡೆ, “ಮಾವಾ, ಇನ್ನೊಂದು ಸಲ!” ಮಾವ ಅಲ್ಲಾಡಲಿಲ್ಲ. “ಹಾಕಿದಷ್ಟೂ ಸವೀತೈತಿ. ಕಂಪ್ಯೂಟರ್ನಾಗ ನೋಡ್ಕೋ ಹೋಗು.” ಕಂಪ್ಯೂಟರಿನಲ್ಲಿ ರೆಕಾರ್ಡ್ ಬಟನ್ ಒತ್ತುವ ಏಕೈಕ ಜವಾಬ್ದಾರಿ ನನ್ನದು. ಮಾವನಿಗೆ ಮೌಸ್ ಕೈಗೆ ಹತ್ತುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ನನಗೇ ನೆನಪಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೇಡ್ಲೇರಿಯಿಂದ ಒಬ್ಬ ಹೆಣ್ಣುಮಗಳು ಬಂದರು. ವಯಸ್ಸಾದವರು. ಕೈಚೀಲದ ತುಂಬ ಬದನೆಕಾಯಿ.

“ಅಣ್ಣಾರ, ನಮ್ಮ ಮನಿಯವರು ನಿಮ್ಮ ಟಿವ್ಯಾಗ ಬಂದಿದ್ರಂತ. ಹೊಳಿ ತುಂಬಿ ಬಂದಾಗ. ಆವಾಗ ನಮ್ಮೂರಾಗ ಕೇಬಲ್ ಇದ್ದಿದ್ದಿಲ್ಲ, ನಾ ನೋಡ್ಲೇ ಇಲ್ಲ. ಹೋದ ವರ್ಷ ತೀರಿಕೊಂಡ್ರು.”

“ಮೊಬೈಲ್ನಾಗ ಇಲ್ಲೇನ್ರಿ ಅವರ ವಿಡಿಯೋ?” ಎಂದೆ ನಾನು.

“ಅದಾವಪ್ಪಾ ರಗಡ. ಫೋನ್ ಹಿಡಿದ್ರ ಸಾಕು, ಬಾಯಿ ಮುಚಗೊಂಡು ನೆಟ್ಟಗ ನಿಂತ ಬಿಡ್ತಿದ್ರು. ದಿನಾ ಮನಿ ಹಾರಿ ಹೋಗೂ ಹಂಗ ಒದರೂ ಮನಶ್ಯಾ! ಒಂದರಾಗೂ ದನಿ ಇಲ್ಲ. ಸಣ್ಣ ಮೊಮ್ಮಗಳು ಕೇಳ್ತೈತಿ, ಅಜ್ಜ ಹೆಂಗ ಮಾತಾಡ್ತಿದ್ದ ಅಂತ. ನಾ ಹೆಂಗ ಹೇಳ್ಲಿ?”

ಮಾವ ತಲೆ ಕೆರೆದುಕೊಂಡರು. ಮೇಡ್ಲೇರಿಯಲ್ಲಿ ಹೊಳೆ ಬಂದ ಕ್ಯಾಸೆಟ್ಟುಗಳೇ ಒಂದೆರಡಲ್ಲ. ಆವತ್ತು ಏನು ತಿಂದಿದ್ದೆ? ಮಿರ್ಚಿಯೋ? ಮಂಡಕ್ಕಿಯೋ? ಮಾವನ ಇಡೀ ಭಂಡಾರ ಬಾಗಿಲು ಹಾಕಿಕೊಂಡು ನಿಂತಿತ್ತು.

“ನಮ್ಮ ಮನ್ಯಾಗ ಉಂಡಿದ್ರೆಲ್ರಿ!” ಎಂದರು ಆಕೆ. “ಅವರು ಹೊಳಿ ದಂಡ್ಯಾಗ ನಿಮಗ ಬೈದು, ಆ ಮ್ಯಾಲೆ ತಾವೇ ಮನಿಗೆ ಕರಕೊಂಡ ಬಂದ್ರು. ರೊಟ್ಟಿ, ಬದನಿಕಾಯಿ ಎಣಗಾಯಿ.”

ಮಾವ ಎದ್ದು ನಿಂತೇಬಿಟ್ಟರು! ಕ್ಯಾಸೆಟ್ಟುಗಳ ಯಾದಿಯ ಪುಸ್ತಕ ತೆಗೆದರು, ಬೆರಳಿಟ್ಟರು, ಕಣ್ಣರಳಿಸಿದರು. ನೋಡಿದಿರಾ? ನಾಲಿಗೆ ಮರೆಯುವುದಿಲ್ಲ!

“ನಾಳಿದ್ದ ಬರ್ರಿ ಅಕ್ಕಾರ. ಬ್ಯಾಡಗಿಯಿಂದ ತಂದು, ಒಂದು ದಿನ ಮಲಗಿಸಿ, ಆಮ್ಯಾಲೆ ಹಾಕಬೇಕು.”

“ಆತ್ರಿ,” ಎಂದು ಆಕೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಮಾವ ಆ ಚಪ್ಪಲಿಗಳನ್ನೇ ನೋಡುತ್ತಿದ್ದರು.

“ಕುಂದ್ರಿ ಅಕ್ಕಾರ. ಲೇ, ಗಾಡಿ ತಗಿ.”

ಬ್ಯಾಡಗಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಅವರಿಗೆ ಊಟ ಮಾಡಿಸಿದ್ದರು. ಕ್ಯಾಸೆಟ್ಟು ಮುಟ್ಟಿದರೆ ಕೈ ಒದ್ದೆ. “ಬಾಣಂತಿ ಇನ್ನೂ ನಡಗಾಕತ್ತಾಳ,” ಎಂದು ಅತ್ತೆ ಎಚ್ಚರಿಸಿದರು. ಮಾವ ಟವೆಲ್ಲಿನಿಂದ ಒರೆಸಿದರು, ಫ್ಯಾನಿನ ಮುಂದೆ ಹಿಡಿದರು, ಗಡಿಯಾರ ನೋಡಿದರು, ಆಕೆಯ ಮುಖ ನೋಡಿದರು. “ಇರಲಿ, ಹಾಕೂಣು,” ಎಂದರು. ತಮ್ಮ ಕಾನೂನನ್ನು ತಾವೇ ಮುರಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಷ್ಟು ಗಂಭೀರ ಗಳಿಗೆಯಲ್ಲಿ ನನ್ನಂಥವನು ಸುಮ್ಮನಿರಬೇಕಲ್ಲವೇ? ಕ್ಯಾಸೆಟ್ಟಿನ ಬೆನ್ನ ಮೇಲಿದ್ದದ್ದನ್ನು ಮಾವನ ಸುದ್ದಿಯ ಧ್ವನಿಯಲ್ಲಿ ಗಟ್ಟಿಯಾಗಿ ಓದಿದೆ: “ಮೇಡ್ಲೇರಿ. ಹೊಳೆ ಬಂದಿತ್ತು. ಎಣಗಾಯಿ, ತಳ ಹತ್ತಿತ್ತು!”

ಆಕೆ ತಟ್ಟನೆ ತಿರುಗಿದರು. “ಯಾರ ಎಣಗಾಯಿ ತಳ ಹತ್ತಿತ್ರಿ?”

“ಅದು... ಸ್ವಲ್ಪ... ಹೊಗಿ ವಾಸನಿ...” ಮಾವ ತೊದಲಿದರು.

“ಹೊಗಿ ಒಲೀದು! ಮಳಿಗಾಲ, ಹಸೀ ಕಟಗಿ! ಎರಡ ಸಲ ಹಾಕಿಸ್ಕೊಂಡ ಉಣ್ಣೂ ಮುಂದ ಹತ್ತಿರಲಿಲ್ಲೇನು?”

“ಎಣಗಾಯಿ ಪ್ರಕರಣಕ್ಕೆ ಹೊಸ ತಿರುವು!” ಎಂದೆ ನಾನು. ಅತ್ತೆ ಬಿದ್ದು ಬಿದ್ದು ನಕ್ಕರು. ಆಕೆಯೂ ನಕ್ಕರು. ಮಾವ ನಾಚಿಕೊಂಡು ಕ್ಯಾಸೆಟ್ಟು ಒಳಗೆ ತಳ್ಳಿದರು. ನಾಲ್ವರೂ ವಾಡಿಕೆಯಂತೆ ಸೀನಿದೆವು.

ಪರದೆಯ ಮೇಲೆ ಕೆಂಪು ನೀರು. ಹೊಳೆದಂಡೆ ಕುಸಿಯುತ್ತಿದೆ. ನಾಲ್ಕು ಮಂದಿ ಹಗ್ಗ ಹಾಕಿ ಪಂಪ್‌ಸೆಟ್ಟಿನ ಮೋಟರು ಮೇಲೆಳೆಯುತ್ತಿದ್ದಾರೆ. ಕ್ಯಾಮೆರಾ ಅವರ ದಾರಿಗೇ ಅಡ್ಡ. ಮುಂದಿದ್ದ ಕಟ್ಟುಮಸ್ತಾದ ಮನುಷ್ಯ ತಿರುಗಿದ.

“ಏ ಕ್ಯಾಮೆರಾದಾವಾ! ಬಾಜೂ ಸರಿಯೋ! ಹೊಳಿಗಂತೂ ಕಣ್ಣಿಲ್ಲ, ನಿನಗೂ ಇಲ್ಲೇನು?”

ಕ್ಯಾಮೆರಾದ ಹಿಂದಿನಿಂದ ನಮ್ಮ ಮಾವನ ಎಳೇ ಧ್ವನಿ: “ಸರದೆನ್ರಿ ಯಜಮಾನ್ರ, ಸರದೆ!”

ಅಷ್ಟೇ. ಚಿತ್ರಕ್ಕೆ ಗೆರೆ ಬಿದ್ದವು. ಮಷೀನು ನರಳಿತು, ನಿಂತಿತು. ಮಾವ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದರೆ ಒದ್ದೆ ಟೇಪು ಉರುಳೆಗೆ ಅಂಟಿಕೊಂಡು ಶಾವಿಗೆಯಂತೆ ಚಿಂದಿಯಾಗಿತ್ತು. ಮಾತಿದ್ದ ತುಂಡೇ.

“ಚಿಂತಿಲ್ಲ ಬಿಡ್ರಿ, ಕಂಪ್ಯೂಟರ್ನಾಗ ಇಳದೈತಿ,” ಎನ್ನುತ್ತ ಮಾವ ನನ್ನ ಕಡೆ ತಿರುಗಿದರು.

ನನ್ನ ಕೈಯಲ್ಲಿ ಮೌಸ್ ಇತ್ತು. ರೆಕಾರ್ಡ್ ಬಟನ್ ಒತ್ತಿರಲಿಲ್ಲ. ಎಣಗಾಯಿ ಪ್ರಕರಣಕ್ಕೆ ಹೊಸ ತಿರುವು ಕೊಡುತ್ತ ಕೂತಿದ್ದೆನಲ್ಲ! ಮಾವ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ತಪ್ಪು ನಂದ. ತಂಪ ಇದ್ದದ್ದು ಹಾಕಬಾರದಿತ್ತು,” ಎಂದು ಮೆಲ್ಲಗೆ ಅಂದರು.

“ಹೋಗ್ಲಿ ಬಿಡ್ರಿ ಅಣ್ಣಾರ. ಒಂದ ಸಲ ಆದ್ರೂ ಕೇಳಿದ್ನೆಲ್ಲ,” ಎನ್ನುತ್ತ ಆಕೆ ಬರಿದಾದ ಕೈಚೀಲವನ್ನು ಮಡಚಿದರು. ಬಿಚ್ಚಿ ಮತ್ತೆ ಮಡಚಿದರು.

ಮಾವ ನನ್ನನ್ನೇ ನೋಡುತ್ತಿದ್ದರು.

“ಸರಿಯಾಗಿ ಕೇಳಿದೆಲ್ಲೋ?”

ನಾನು ತಲೆಯಾಡಿಸಿದೆ.

“ಅಕ್ಕಾರ, ನಮ್ಮ ಅಳಿಯಾಗ ಒಂದ ಕೆಟ್ಟ ಚಟ ಐತ್ರಿ. ಒಂದ ಸಲ ಕೇಳಿದ ಧ್ವನಿ ಬಿಡಂಗಿಲ್ಲ. ನೀವು ಹೂಂ ಅಂದ್ರ ಅಷ್ಟ.”

ಆಕೆ ಮಡಚಿದ ಕೈಚೀಲವನ್ನು ಪಕ್ಕಕ್ಕಿಟ್ಟರು. “ಹೂಂ,” ಅಂದರು.

ಹೊಳೆದಂಡೆಯ ಆ ಮಾತನ್ನು ಅವರ ಯಜಮಾನರ ಧ್ವನಿಯಲ್ಲಿ ಅಂದೆ.

“ಇಷ್ಟ ಮೆತ್ತಗ ಅಲ್ಲ ತಮ್ಮಾ. ಅವರು ಯಾರಿಗೂ ಮೆತ್ತಗ ಅಂದಾವರಲ್ಲ.”

ಮತ್ತೆ ಅಂದೆ.

“ಇದು ಬರೇ ಸಿಟ್ಟು ಆತು. ಅವರದು ಸಿಟ್ಟಲ್ಲ. ಬೈಯೂ ಮುಂದ ಒಳಗ ನಗತಿದ್ರು. ‘ಬಾಜೂ’ ಅನ್ನೂದನ್ನ ಸ್ವಲ್ಪ ಎಳಿ.”

ಕಣ್ಣು ಮುಚ್ಚಿದೆ. ಹಗ್ಗ ಎಳೆಯುವವನಂತೆ ಕಾಲೂರಿ ನಿಂತೆ. “ಏ ಕ್ಯಾಮೆರಾದಾವಾ! ಬಾಜೂ ಸರಿಯೋ! ಹೊಳಿಗಂತೂ ಕಣ್ಣಿಲ್ಲ, ನಿನಗೂ ಇಲ್ಲೇನು?”

ಕಣ್ಣು ತೆರೆದು ನೋಡಿದರೆ ಆಕೆ ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದರು. ತಾವು ಹೊದ್ದದ್ದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ನಾನು ಮೆಲ್ಲಗೆ ಮೊಬೈಲು ತೆಗೆದು ಅತ್ತೆಯ ಕೈಗಿಟ್ಟೆ. ಮೊಮ್ಮಗಳಿಗೆ ಬೇಕಲ್ಲ. ಈ ಸಲ ಬಟನ್ ಒತ್ತಿ ಎಂದು ಸನ್ನೆ ಮಾಡಿದೆ.

“ತಮ್ಮಾ, ಇನ್ನೊಂದ ಸಲ...” ಎಂದ ಆಕೆ ಅರ್ಧಕ್ಕೇ ನಿಲ್ಲಿಸಿ, ಸಂಕೋಚದಿಂದ ಮಾವನ ಕಡೆ ನೋಡಿದರು. ನಾನೂ ನೋಡಿದೆ.

ಮಾವ ಹರಿದ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

“ಅವರು ಸಾಕು ಅನ್ನೂ ಮಟ ಹಾಕೋ ಲೇ,” ಎಂದರು. “ಇದು ಸವಿಯಂಗಿಲ್ಲ.”